ಇಬ್ಬರೇ ಆಡಿ ಜಗತ್ತನ್ನು ಗೆದ್ದ ಕಾಲ

ಫುಟ್‌ಬಾಲ್‌ನಲ್ಲಿ ದೇಶಗಳಿಗೆ 1930ರಲ್ಲೇ ವಿಶ್ವಕಪ್ ಸಿಕ್ಕಿತು. ಕ್ಲಬ್‌ಗಳು ಮಾತ್ರ ಇನ್ನೂ ಮೂವತ್ತು ವರ್ಷ ಕಾಯಬೇಕಾಯಿತು, ಆಮೇಲೆ ಸಿಕ್ಕಿದ್ದೂ ಅರ್ಧಂಬರ್ಧ. ಯುರೋಪಿನ ಚಾಂಪಿಯನ್ ಕ್ಲಬ್ ಮತ್ತು ದಕ್ಷಿಣ ಅಮೆರಿಕದ ಚಾಂಪಿಯನ್ ಕ್ಲಬ್, ಇವರಿಬ್ಬರೇ ಆಡುವುದು, ಗೆದ್ದವರು ತಮ್ಮನ್ನು ತಾವೇ ವಿಶ್ವ ಚಾಂಪಿಯನ್ ಎಂದು ಕರೆದುಕೊಳ್ಳುವುದು. ಆಫ್ರಿಕಾಕ್ಕಾಗಲೀ ಏಷ್ಯಾಕ್ಕಾಗಲೀ ಕರೆಯೇ ಇಲ್ಲ. ಇಂಟರ್‌ಕಾಂಟಿನೆಂಟಲ್ ಕಪ್ ಎಂಬ ಈ ಸ್ಪರ್ಧೆ 1960ರಿಂದ 2004ರವರೆಗೆ, ನಡುವೆ ಎರಡು ವರ್ಷ ತಪ್ಪಿದ್ದು ಬಿಟ್ಟರೆ, ಒಟ್ಟು 43 ಬಾರಿ ನಡೆಯಿತು.

ಯುರೋಪಿಯನ್ ಕಪ್ ಶುರುವಾದದ್ದು 1955ರಲ್ಲಿ. ಮೊದಲ ಐದೂ ವರ್ಷ ಅದನ್ನು ರಿಯಲ್ ಮ್ಯಾಡ್ರಿಡ್ ಯಾರಿಗೂ ಬಿಟ್ಟುಕೊಡಲಿಲ್ಲ. ಅತ್ತ ದಕ್ಷಿಣ ಅಮೆರಿಕದಲ್ಲಿ ಕೋಪಾ ಲಿಬರ್ಟಡೋರೆಸ್ 1960ರಲ್ಲಿ ಆರಂಭವಾಗಿ, ಉರುಗ್ವೆಯ ಪೆನ್ಯರೋಲ್ ಮೊದಲ ಚಾಂಪಿಯನ್ ಆಯಿತು. ಅದೇ ವರ್ಷದ ಜುಲೈನಲ್ಲಿ ಮಾಂಟೆವಿಡಿಯೊದ ಸೆಂಟೆನಾರಿಯೊ ಕ್ರೀಡಾಂಗಣದಲ್ಲಿ ಇವೆರಡೂ ಮಳೆಯಲ್ಲೇ ಎದುರಾದವು. ಒಂದೂ ಗೋಲು ಬರಲಿಲ್ಲ. ಸೆಪ್ಟೆಂಬರ್‌ನಲ್ಲಿ ಮ್ಯಾಡ್ರಿಡ್‌ನಲ್ಲಿ ಲೆಕ್ಕ ಚುಕ್ತಾ ಆಯಿತು: ರಿಯಲ್ 5, ಪೆನ್ಯರೋಲ್ 1. ಯುರೋಪಿನ ಪರ ಅಂದು ಗೋಲು ಹೊಡೆದವರಲ್ಲಿ ಒಬ್ಬ ಆಲ್ಫ್ರೆಡೊ ಡಿ ಸ್ಟೆಫಾನೊ. ಅವನು ಹುಟ್ಟಿ ಆಟ ಕಲಿತದ್ದು ಬ್ಯೂನಸ್ ಐರಿಸ್‌ನಲ್ಲಿ!

ಫಿಫಾ ಇದಕ್ಕೆ ಮೊಹರು ಒತ್ತಲಿಲ್ಲ. ಎರಡೇ ಖಂಡಗಳು ಆಡುವ ಆಟಕ್ಕೆ ವಿಶ್ವದ ಪಟ್ಟವೇಕೆ, ಬೇಕಾದರೆ ಸ್ನೇಹಪಂದ್ಯ ಎಂದುಕೊಳ್ಳಿ ಎಂಬುದು ಅದರ ನಿಲುವು. ವಾದದಲ್ಲಿ ಹುರುಳಿತ್ತು. ಆದರೆ ಮೈದಾನಕ್ಕೆ ಇಳಿದವರು ಅದನ್ನು ಒಪ್ಪಿದಂತೆ ಕಾಣಲಿಲ್ಲ. 1962ರ ಅಕ್ಟೋಬರ್‌ನಲ್ಲಿ ಲಿಸ್ಬನ್‌ಗೆ ಹೋದ ಬ್ರೆಜಿಲ್‌ನ ಸ್ಯಾಂಟೋಸ್, ಯುಸೇಬಿಯೊ ಇದ್ದ ಬೆನ್‌ಫಿಕಾ ತಂಡವನ್ನು ಅದರ ಮನೆಯಲ್ಲೇ 5–2ರಿಂದ ಮುಗಿಸಿತು. ಪೆಲೆಯೊಬ್ಬನೇ ಮೂರು ಗೋಲು ಹೊಡೆದ. ಮರುವರ್ಷ ಮಿಲಾನ್ ಎದುರು ಸ್ಯಾಂಟೋಸ್ ಅಲ್ಲಿ 4–2ರಿಂದ ಸೋತು, ಮರಕಾನಾದಲ್ಲಿ 4–2ರಿಂದ ಗೆದ್ದು, ಮೂರನೇ ಪಂದ್ಯದಲ್ಲಿ ಒಂದು ಪೆನಾಲ್ಟಿಯಿಂದ ಕಪ್ ಉಳಿಸಿಕೊಂಡಿತು. ಗಾಯಗೊಂಡಿದ್ದ ಪೆಲೆ ಕೊನೆಯ ಎರಡೂ ಪಂದ್ಯ ಆಡಲಿಲ್ಲ ಎಂಬುದನ್ನು ಬ್ರೆಜಿಲ್‌ನವರು ಈಗಲೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಈ ಮೂರನೇ ಪಂದ್ಯವೆಂಬುದೇ ಒಂದು ವಿಚಿತ್ರ ಏರ್ಪಾಡು. ಆಗ ಎರಡು ಪಂದ್ಯಗಳ ಗೋಲುಗಳನ್ನು ಕೂಡಿಸುತ್ತಿರಲಿಲ್ಲ, ಪಂದ್ಯ ಗೆದ್ದದ್ದಷ್ಟೇ ಲೆಕ್ಕ. 1961ರಲ್ಲಿ ಪೆನ್ಯರೋಲ್ 0–1ರಿಂದ ಸೋತು 5–0ರಿಂದ ಗೆದ್ದರೂ ಬೆನ್‌ಫಿಕಾ ಜೊತೆ ಮತ್ತೊಮ್ಮೆ ಆಡಲೇಬೇಕಾಯಿತು. ಆ ಬಾರಿ ಹೆಚ್ಚೇನೂ ತೊಂದರೆಯಾಗಲಿಲ್ಲ. 1967ರಲ್ಲಿ ಆಯಿತು.

ಆ ವರ್ಷ ಎದುರಾದವರು ಸ್ಕಾಟ್ಲೆಂಡ್‌ನ ಸೆಲ್ಟಿಕ್ ಮತ್ತು ಅರ್ಜೆಂಟೀನಾದ ರೇಸಿಂಗ್. ಗ್ಲಾಸ್ಗೊದಲ್ಲಿ ಸೆಲ್ಟಿಕ್ ಒಂದು ಗೋಲಿನಿಂದ ಗೆದ್ದಿತು. ಅವೆಲ್ಯನೇಡಾದಲ್ಲಿ ಎರಡನೇ ಪಂದ್ಯ ಶುರುವಾಗುವ ಮುನ್ನವೇ ಸೆಲ್ಟಿಕ್‌ನ ಗೋಲ್‌ಕೀಪರ್ ರಾನಿ ಸಿಂಪ್ಸನ್ ತಲೆಗೆ ಏನೋ ತೂರಿಬಂದು ಬಡಿಯಿತು, ಅವನು ಆಡದೇ ಹೊರಗುಳಿದ. ರೇಸಿಂಗ್ 2–1ರಿಂದ ಗೆದ್ದಿತು. ಮೂರೇ ದಿನಕ್ಕೆ ಮಾಂಟೆವಿಡಿಯೊದಲ್ಲಿ ನಿರ್ಣಾಯಕ ಪಂದ್ಯ. ಚೆಂಡಿಗಿಂತ ಕಾಲಿಗೇ ಹೆಚ್ಚು ಒದೆತ ಬಿದ್ದ ಆ ಪಂದ್ಯದಲ್ಲಿ ಪರಾಗ್ವೆಯ ರೆಫರಿ ಆರು ಮಂದಿಗೆ ಹೊರದಾರಿ ತೋರಿಸಿದ, ನಾಲ್ವರು ಸೆಲ್ಟಿಕ್‌ನವರು, ಇಬ್ಬರು ರೇಸಿಂಗ್‌ನವರು. ಸೆಲ್ಟಿಕ್‌ನ ಬರ್ಟಿ ಆಲ್ಡ್ ಮಾತ್ರ ಹೋಗುವುದಿಲ್ಲ ಎಂದು ಹಟ ಹಿಡಿದು ಕೊನೆಯವರೆಗೂ ಮೈದಾನದಲ್ಲೇ ಉಳಿದುಬಿಟ್ಟ! ಆ ಗಲಾಟೆಯ ನಡುವೆಯೂ ರೇಸಿಂಗ್‌ನ ಕಾರ್ಡೆನಾಸ್ ದೂರದಿಂದ ಹೊಡೆದ ಗೋಲು ಮಾತ್ರ ಅಪ್ಪಟ ಆಟದ್ದು. ಕಪ್ ಗೆದ್ದುಕೊಟ್ಟದ್ದೂ ಅದೇ. ಊರಿಗೆ ಮರಳಿದ ಸೆಲ್ಟಿಕ್ ಆಟಗಾರರಿಗೆ ಅವರ ಕ್ಲಬ್ಬೇ ತಲಾ 250 ಪೌಂಡ್ ದಂಡ ಹಾಕಿತು.

ಆಮೇಲೆ ಬಂದದ್ದು ಲಾ ಪ್ಲಾಟಾದ ಎಸ್ಟುಡಿಯಾಂಟೆಸ್. ಕೋಚ್ ಒಸ್ವಾಲ್ಡೊ ಜುಬೆಲ್ಡಿಯಾ ಕೈಕೆಳಗೆ ಈ ತಂಡ ಗೆಲುವಿಗಾಗಿ ಏನನ್ನೂ ಮಾಡಬಲ್ಲದು ಎಂದು ಹೆಸರಾಗಿತ್ತು. ಅದರ ಮಿಡ್‌ಫೀಲ್ಡ್‌ನಲ್ಲಿದ್ದ ಕಾರ್ಲೋಸ್ ಬಿಲಾರ್ಡೊ ಓದಿನಲ್ಲಿ ಡಾಕ್ಟರು, ಮುಂದೆ 1986ರಲ್ಲಿ ಮರಡೋನಾನ ಅರ್ಜೆಂಟೀನಾಕ್ಕೆ ವಿಶ್ವಕಪ್ ಗೆದ್ದುಕೊಟ್ಟ ಕೋಚ್ ಕೂಡ ಅವನೇ. 1968ರಲ್ಲಿ ಇವರು ಮ್ಯಾಂಚೆಸ್ಟರ್ ಯುನೈಟೆಡ್‌ಅನ್ನು ಸೋಲಿಸಿದರು. ಎರಡನೇ ಪಂದ್ಯದಲ್ಲಿ ಯುನೈಟೆಡ್‌ನ ಜಾರ್ಜ್ ಬೆಸ್ಟ್ ಕೂಡ ಸಹನೆಯ ಕಟ್ಟೆಯೊಡೆದು ಮೈದಾನ ಬಿಡಬೇಕಾಯಿತು.

1969ರ ಅಕ್ಟೋಬರ್ 22 ಇದಕ್ಕೆಲ್ಲ ಕಳಶವಿಟ್ಟಿತು. ಸ್ವಂತ ಊರಲ್ಲಿ 3–0ರಿಂದ ಗೆದ್ದಿದ್ದ ಮಿಲಾನ್ ಬ್ಯೂನಸ್ ಐರಿಸ್‌ನ ಬೊಂಬೊನೇರಾಕ್ಕೆ ಬಂದಿತ್ತು. ಆ ತಂಡದ ನೆಸ್ಟರ್ ಕೊಂಬಿನ್ ಹುಟ್ಟಿನಿಂದ ಅರ್ಜೆಂಟೀನಾದವನು, ಹರೆಯದಲ್ಲೇ ಫ್ರಾನ್ಸಿಗೆ ಹೋಗಿ ಅಲ್ಲಿನ ಪೌರನಾಗಿ, ಆ ದೇಶದ ಪರವೇ ಆಡಿದವನು. ಎಸ್ಟುಡಿಯಾಂಟೆಸ್‌ನವರ ಕಣ್ಣಿಗೆ ಅವನು ದ್ರೋಹಿ. ಆಗಿರೆ ಸುವಾರೆಸ್ ಕೊಟ್ಟ ಏಟಿಗೆ ಅವನ ಮುಖ ಒಡೆದು ಬಿಳಿ ಅಂಗಿಯೆಲ್ಲ ರಕ್ತವಾಯಿತು. ಪಂದ್ಯ ಮುಗಿದ ಮೇಲೆ ಆಸ್ಪತ್ರೆಯ ಆರೈಕೆ ಸಿಗಬೇಕಾದವನನ್ನು ಪೊಲೀಸರು ಹಿಡಿದೊಯ್ದರು. ಕಡ್ಡಾಯ ಸೈನಿಕ ಸೇವೆ ತಪ್ಪಿಸಿಕೊಂಡಿದ್ದಾನೆಂಬ ಆರೋಪ! ಅವನು ಆ ಸೇವೆಯನ್ನು ಫ್ರಾನ್ಸಿನಲ್ಲಿ ಮುಗಿಸಿದ್ದ. ಅರ್ಜೆಂಟೀನಾದ ಸೇನಾ ಆಡಳಿತಗಾರ ಒಂಗಾನಿಯಾಗೂ ಈ ರಂಪ ನಾಚಿಕೆ ತಂದಿತು. ಗೋಲ್‌ಕೀಪರ್ ಪೊಲೆಟ್ಟಿ, ಸುವಾರೆಸ್ ಮತ್ತು ಮನೇರಾ ಎಂಬ ಮೂವರು ಆಟಗಾರರು ಒಂದು ತಿಂಗಳ ಶಿಕ್ಷೆಗೆ ಜೈಲು ಸೇರಿದರು. ಪಂದ್ಯವನ್ನು 2–1ರಿಂದ ಸೋತರೂ ಒಟ್ಟು ಗೋಲುಗಳ ಲೆಕ್ಕದಲ್ಲಿ ಕಪ್ ಮಿಲಾನ್‌ಗೆ ಹೋಯಿತು. ಆ ವೇಳೆಗೆ ನಿಯಮ ಬದಲಾಗಿತ್ತು.

ಇಷ್ಟಾದ ಮೇಲೆ ಯುರೋಪಿನವರಿಗೆ ಈ ಕಪ್ಪಿನ ಸಹವಾಸವೇ ಸಾಕೆನಿಸಿತು. 1971ರಲ್ಲಿ ಅಯಾಕ್ಸ್ ಬರುವುದಿಲ್ಲ ಎಂದಿತು, 1973ರಲ್ಲೂ. 1974ರಲ್ಲಿ ಬಯರ್ನ್ ಮ್ಯೂನಿಕ್, 1977ರಲ್ಲಿ ಲಿವರ್‌ಪೂಲ್, 1979ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಇದೇ ಹಾದಿ ಹಿಡಿದವು. ಒದೆತದ ಭಯ ಒಂದು ಕಾರಣ. ಅಷ್ಟು ದೂರದ ಪ್ರಯಾಣ, ತುಂಬಿದ ವೇಳಾಪಟ್ಟಿ, ಸಿಗದ ಲಾಭ ಉಳಿದವು. ಅವರ ಬದಲು ಫೈನಲ್‌ನಲ್ಲಿ ಸೋತ ತಂಡಗಳು ಬಂದವು. ಹೀಗೆ ಬಯರ್ನ್ ಬಿಟ್ಟ ಜಾಗಕ್ಕೆ ಬಂದ ಅಟ್ಲೆಟಿಕೊ ಮ್ಯಾಡ್ರಿಡ್ ಕಪ್ ಗೆದ್ದೇಬಿಟ್ಟಿತು. ಯುರೋಪಿನ ಚಾಂಪಿಯನ್ ಪಟ್ಟ ಇವತ್ತಿಗೂ ಒಲಿಯದ ಆ ಕ್ಲಬ್ ಜಗತ್ತಿನ ಚಾಂಪಿಯನ್! 1975 ಮತ್ತು 1978ರಲ್ಲಿ ಪಂದ್ಯವೇ ನಡೆಯಲಿಲ್ಲ. 1979ರಲ್ಲಿ ಸ್ವೀಡನ್ನಿನ ಮಾಲ್ಮೊದಲ್ಲಿ ನಡೆದ ಪಂದ್ಯ ನೋಡಲು ಐದು ಸಾವಿರ ಜನರೂ ಸೇರಲಿಲ್ಲ.

ಸಾಯುತ್ತಿದ್ದ ಕಪ್ಪನ್ನು ಬದುಕಿಸಿದ್ದು ಒಂದು ಕಾರು ಕಂಪನಿ. ನಮ್ಮ ಬಿಡದಿಯಲ್ಲೂ ಈಗ ಕಾರ್ಖಾನೆ ಇರುವ ಅದೇ ಟೊಯೊಟಾ. ಹಣ ನಾವು ಕೊಡುತ್ತೇವೆ, ಆದರೆ ಒಂದೇ ಪಂದ್ಯ, ಅದೂ ಟೋಕಿಯೊದಲ್ಲಿ. ಯಾರ ಮನೆಯಂಗಳವೂ ಅಲ್ಲದ ಊರು, ಕಲ್ಲು ತೂರುವ ಅಭಿಮಾನಿಗಳಿಲ್ಲ. 1981ರ ಫೆಬ್ರವರಿಯಲ್ಲಿ ಮೊದಲ ಟೊಯೊಟಾ ಕಪ್ ನಡೆದು, ಉರುಗ್ವೆಯ ನ್ಯಾಸಿಯೊನಾಲ್ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಅನ್ನು 1–0ರಿಂದ ಸೋಲಿಸಿತು. ಪಂದ್ಯದ ಶ್ರೇಷ್ಠ ಆಟಗಾರನಿಗೆ ಬಹುಮಾನ, ಸಹಜವಾಗಿಯೇ, ಒಂದು ಟೊಯೊಟಾ ಕಾರು.

ಟೋಕಿಯೊದ ನ್ಯಾಷನಲ್ ಸ್ಟೇಡಿಯಂನಲ್ಲಿ ಡಿಸೆಂಬರ್ ಚಳಿಗೆ ಹುಲ್ಲು ಒಣಗಿ ಕಂದಾಗಿರುತ್ತಿತ್ತು. ಗ್ಯಾಲರಿಯಲ್ಲಿ ಪ್ಲಾಸ್ಟಿಕ್ ತುತ್ತೂರಿಗಳ ಮೊರೆತ ನಿಲ್ಲುತ್ತಲೇ ಇರಲಿಲ್ಲ. ಅಲ್ಲಿ ಮಧ್ಯಾಹ್ನ ಹನ್ನೆರಡಾದರೆ ರಿಯೊದಲ್ಲಿ ಮಧ್ಯರಾತ್ರಿ ಹನ್ನೆರಡು. 1981ರ ಡಿಸೆಂಬರ್ 13ರಂದು ಆ ಹೊತ್ತಿನಲ್ಲಿ ಜಿಕೊನ ಫ್ಲಮೆಂಗೊ ಲಿವರ್‌ಪೂಲ್‌ನಂಥ ಲಿವರ್‌ಪೂಲ್‌ಅನ್ನು ಮೊದಲಾರ್ಧದಲ್ಲೇ ಮೂರು ಗೋಲುಗಳಿಂದ ಮುಗಿಸಿತು. ಜಿಕೊ ಒಂದೂ ಹೊಡೆಯಲಿಲ್ಲ, ಆದರೂ ಕಾರು ಅವನಿಗೇ ಸಿಕ್ಕಿತು.

1985ರಲ್ಲಿ ಯುವೆಂಟಸ್‌ನ ಪ್ಲಾಟಿನಿ ಚೆಂಡನ್ನು ಎದೆಯಲ್ಲಿ ಹಿಡಿದು, ಒಬ್ಬನ ತಲೆ ಮೇಲಿಂದ ದಾಟಿಸಿ, ನೆಲಕ್ಕೆ ತಾಗುವ ಮುನ್ನ ಗೋಲಿಗೆ ಬಾರಿಸಿದ. ಆಫ್‌ಸೈಡ್ ಎಂದು ಅದು ರದ್ದಾಯಿತು. ಪ್ಲಾಟಿನಿ ವಾದಕ್ಕಿಳಿಯಲಿಲ್ಲ, ಅನಂತಶಯನನ ಹಾಗೆ ಹುಲ್ಲಿನ ಮೇಲೆ ಪಕ್ಕಕ್ಕೆ ಒರಗಿ ಕೈಗೆ ತಲೆಯಾನಿಸಿ ಮಲಗಿಬಿಟ್ಟ. ಎಣಿಕೆಗೇ ಬಾರದ ಆ ಗೋಲಿನ ಚಿತ್ರ ಈ ಕಪ್ಪಿನ ಎಷ್ಟೋ ಎಣಿಕೆಯಾದ ಗೋಲುಗಳಿಗಿಂತ ಹೆಚ್ಚು ಕಾಲ ಉಳಿದಿದೆ. ಕೊನೆಗೆ ಗೆಲುವಿನ ಪೆನಾಲ್ಟಿಯನ್ನು ಅವನೇ ಹೊಡೆದ. ಎರಡು ವರ್ಷದ ನಂತರ ಪೋರ್ಟೊ ಮತ್ತು ಪೆನ್ಯರೋಲ್ ಸುರಿಯುವ ಹಿಮದಲ್ಲಿ, ಉರುಳದ ಚೆಂಡಿನೊಂದಿಗೆ ಹೆಣಗಿದವು. ಹೆಚ್ಚುವರಿ ವೇಳೆಯಲ್ಲಿ ಅಲ್ಜೀರಿಯಾದ ಮಾಜೆರ್ ಗೋಲ್‌ಕೀಪರ್ ತಲೆ ಮೇಲಿಂದ ಚೆಂಡನ್ನು ಎತ್ತಿ ಹಾಕಿ ಪೋರ್ಟೊವನ್ನು ಗೆಲ್ಲಿಸಿದ.

ಟೋಕಿಯೊದ ಮೊದಲ ಹದಿನೈದು ಕಪ್‌ಗಳಲ್ಲಿ ಹತ್ತು ದಕ್ಷಿಣ ಅಮೆರಿಕದ ಪಾಲಾದವು. ಆ ಸಾಲಿನ ಕೊನೆಯ ಮೂರು, 1992ರಿಂದ 1994ರವರೆಗಿನವು, ಬಾರ್ಸಿಲೋನಾ ಒಮ್ಮೆ ಮತ್ತು ಮಿಲಾನ್ ಎರಡು ಬಾರಿ ಸೋತು ಬಿಟ್ಟುಕೊಟ್ಟವು. 1995ರ ಡಿಸೆಂಬರ್‌ನಲ್ಲಿ ಯುರೋಪಿನ ನ್ಯಾಯಾಲಯ ಬೊಸ್ಮನ್ ತೀರ್ಪು ಕೊಟ್ಟಿತು. ಯುರೋಪ್ ಒಕ್ಕೂಟದ ಆಟಗಾರರ ಮೇಲಿನ ಮಿತಿ ತೆರವಾಯಿತು, ವಿದೇಶಿ ಆಟಗಾರರಿಗೆ ಮೀಸಲಿದ್ದ ಜಾಗಗಳು ಬ್ರೆಜಿಲ್, ಅರ್ಜೆಂಟೀನಾದ ಹುಡುಗರಿಗೆ ಖಾಲಿಯಾದವು. ಟೆಲಿವಿಷನ್ ಹಣವೂ ಯುರೋಪಿನತ್ತಲೇ ಹರಿಯಿತು. 1995ರಿಂದ ಉಳಿದ ಹತ್ತು ಕಪ್‌ಗಳಲ್ಲಿ ದಕ್ಷಿಣ ಅಮೆರಿಕಕ್ಕೆ ಸಿಕ್ಕಿದ್ದು ಎರಡೇ, ಎರಡೂ ಬೊಕಾ ಜೂನಿಯರ್ಸ್ ಗೆದ್ದವು.

ಈ ನಡುವೆ ಫಿಫಾ ತನ್ನದೇ ಕ್ಲಬ್ ವಿಶ್ವ ಚಾಂಪಿಯನ್‌ಷಿಪ್ ಆರಂಭಿಸಿ, 2005ರಿಂದ ಹಳೆಯ ಕಪ್ಪಿನ ಜಾಗವನ್ನು ಅದಕ್ಕೆ ಕೊಡಿಸಿತು. ಎಲ್ಲ ಖಂಡಗಳಿಗೂ ಬಾಗಿಲು ತೆರೆದದ್ದು ನ್ಯಾಯವೇ. 2004ರ ಡಿಸೆಂಬರ್ 12ರಂದು ಯೊಕೊಹಾಮಾದಲ್ಲಿ ಪೋರ್ಟೊ ಮತ್ತು ಕೊಲಂಬಿಯಾದ ಒನ್ಸೆ ಕಾಲ್ಡಾಸ್ ಗೋಲಿಲ್ಲದೆ ಆಡಿ, ಪೆನಾಲ್ಟಿಗಳಲ್ಲಿ 8–7ರಿಂದ ಪೋರ್ಟೊ ಗೆದ್ದು ಕಥೆ ಮುಗಿಯಿತು. ಒಂದು ಕಾಲಕ್ಕೆ ಸ್ನೇಹಪಂದ್ಯ ಎಂದಿದ್ದ ಫಿಫಾ, 2017ರಲ್ಲಿ ಆ ಎಲ್ಲ ವಿಜೇತರನ್ನೂ ವಿಶ್ವ ಚಾಂಪಿಯನ್ನರೆಂದು ಒಪ್ಪಿಕೊಂಡಿತು. 2024ರಲ್ಲಿ ಹಳೆಯ ಹೆಸರನ್ನೇ ತನ್ನ ಹೊಸದೊಂದು ವಾರ್ಷಿಕ ಕಪ್ಪಿಗೆ ಇಟ್ಟುಕೊಂಡಿತು.

ಯುರೋಪಿನಲ್ಲಿ ಈ ಕಪ್ಪನ್ನು ನೆನೆಯುವವರು ಕಡಿಮೆ. ಬ್ರೆಜಿಲ್‌ನಲ್ಲಿ ಹಾಗಲ್ಲ. 1999ರಲ್ಲಿ ಟೋಕಿಯೊದಲ್ಲಿ ರಾಯ್ ಕೀನ್‌ನ ಒಂದೇ ಗೋಲಿಗೆ ಮ್ಯಾಂಚೆಸ್ಟರ್ ಯುನೈಟೆಡ್ ಎದುರು ಸೋತ ಪಾಲ್ಮೇರಾಸ್‌ನ ಅಭಿಮಾನಿಗಳನ್ನು, ನಿಮಗೆ ವಿಶ್ವ ಪಟ್ಟವಿಲ್ಲ ಎಂದು ಎದುರಾಳಿಗಳು ಹಾಡು ಕಟ್ಟಿ ಇಂದಿಗೂ ಕೆಣಕುತ್ತಾರೆ. ಅಲ್ಲಿ ಅದಕ್ಕಿರುವ ಬೆಲೆ ಅಂಥದು, ಅದಕ್ಕೆ ಕಾರಣವೂ ಇದೆ. 43 ಕಪ್‌ಗಳಲ್ಲಿ ದಕ್ಷಿಣ ಅಮೆರಿಕ ಗೆದ್ದದ್ದು 22, ಯುರೋಪ್ 21. ಫಿಫಾ ನಡೆಸುವ ಹೊಸ ಪಂದ್ಯಾವಳಿಗಳಲ್ಲಿ ದಕ್ಷಿಣ ಅಮೆರಿಕದ ಕ್ಲಬ್ ಕೊನೆಯದಾಗಿ ವಿಶ್ವ ಪಟ್ಟ ಗೆದ್ದದ್ದು 2012ರಲ್ಲಿ, ಕೊರಿಂಥಿಯನ್ಸ್ ಚೆಲ್ಸಿಯನ್ನು 1–0ರಿಂದ ಸೋಲಿಸಿದಾಗ.