ನಾಲ್ಕು ಆಳು, ಒಂದು ತೂಬು

ತಲಕಾಡಿನ ಹತ್ತಿರದ ನಮ್ಮ ಹೆಮ್ಮಿಗೆ ಕಡೆ ನಾಟಿ ಶುರುವಾದರೆ ಎಲ್ಲರ ಬಾಯಲ್ಲೂ ಆಳಿನದೇ ಮಾತು. ಒಬ್ಬರ ಬದಲು ನಾಲ್ಕು ಜನ ಗದ್ದೆಗಿಳಿದರೆ ಕೆಲಸ ಬೇಗ ಮುಗಿಯುತ್ತದೆ, ನಿಜ. ನಾಲ್ಕು ಪಟ್ಟು ಬೇಗ ಮುಗಿಯುತ್ತದೆಯೇ? ಒಟ್ಲಿನಿಂದ ಪೈರು ಕಿತ್ತು ಕಟ್ಟು ಹೊತ್ತು ತರುವವರು ಒಬ್ಬರೇ ಆದರೆ ಉಳಿದವರು ಬದುವಿನ ಮೇಲೆ ಕೂರಬೇಕು. ಗದ್ದೆಗೆ ನೀರು ಬಂದಿಲ್ಲವೆಂದರೆ, ನೀರುಗಂಟಿ ತೂಬು ಎತ್ತುವ ತನಕ ಎಷ್ಟು ಆಳಿದ್ದರೂ ಒಂದೇ. ಹಲವು ಪ್ರೊಸೆಸರ್ ಇರುವ ಕಂಪ್ಯೂಟರಿನಲ್ಲಿ ಲಿನಕ್ಸ್ ಹೇಗೆ ಓಡುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಇಲ್ಲಿಂದಲೇ ಶುರು ಮಾಡುತ್ತೇನೆ. ಅಲ್ಲಿಯೂ ಹೊತ್ತು ತಿನ್ನುವುದು ಕಾಯುವಿಕೆ.

ಮೊದಲು ನಿಮ್ಮ ಯಂತ್ರದಲ್ಲಿ ಎಷ್ಟು ಆಳಿದ್ದಾರೆ ನೋಡಿಕೊಳ್ಳಿ. ಕಚೇರಿಗಳಲ್ಲಿ ಬಳಸಿ ಬಿಟ್ಟ ಹಳೆಯ ಕಂಪ್ಯೂಟರಿಗೆ ಉಬುಂಟು ಇಲ್ಲವೇ ಡೆಬಿಯನ್ ಹಾಕಿಕೊಂಡವರ ಹತ್ತಿರವೂ ಈಗ ಎರಡೋ ನಾಲ್ಕೋ ಕೋರ್ ಇದ್ದೇ ಇರುತ್ತವೆ. ಟರ್ಮಿನಲ್ ತೆರೆದು ಎನ್, ಪಿ, ಆರ್, ಒ, ಸಿ ಎಂಬ ಐದು ಅಕ್ಷರ ಸಣ್ಣದರಲ್ಲಿ ಒತ್ತಿ ಎಂಟರ್ ಕೊಟ್ಟರೆ ಒಂದು ಸಂಖ್ಯೆ ಬರುತ್ತದೆ. ಅದು 8 ಆಗಿದ್ದರೆ ಎಂಟು ಕೋರ್ ಇವೆ ಎಂದುಕೊಳ್ಳಬೇಡಿ. ಎಲ್, ಎಸ್, ಸಿ, ಪಿ, ಯು ಎಂದು ಒತ್ತಿ ವಿವರ ನೋಡಿ. ಒಂದು ಕೋರಿಗೆ ಎರಡು ಥ್ರೆಡ್ ಎಂದು ಅಲ್ಲಿ ಬರೆದಿದ್ದರೆ ನಿಜವಾದ ಕೋರ್ ನಾಲ್ಕೇ. ಪೈರಿನ ಕಟ್ಟು ಬರುವ ತನಕ ಸುಮ್ಮನೆ ಕೂರದೆ ಬದು ಕೆತ್ತುವ ಆಳನ್ನು ನೆನೆಸಿಕೊಳ್ಳಿ. ಕೋರ್ ಕೂಡ ಒಂದು ಕೆಲಸಕ್ಕೆ ಮೆಮೊರಿಯಿಂದ ಮಾಹಿತಿ ಬರುವ ತನಕ ಇನ್ನೊಂದನ್ನು ಮಾಡುತ್ತಿರುತ್ತದೆ. ಅದರಿಂದ ಲಾಭವುಂಟು, ಆದರೆ ಒಬ್ಬರು ಇಬ್ಬರಾಗುವುದಿಲ್ಲ.

ಇಷ್ಟನ್ನೂ ಲಿನಕ್ಸ್ ತಾನಾಗಿಯೇ ಗುರುತಿಸುತ್ತದೆ, ನೀವು ಏನೂ ಹೊಂದಿಸಬೇಕಿಲ್ಲ. ಹಿಂದೆ ಹೀಗಿರಲಿಲ್ಲ. 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸ್ ಬರೆದದ್ದು 386 ಚಿಪ್ಪಿನ, ಒಂದೇ ಪ್ರೊಸೆಸರಿನ ಯಂತ್ರಕ್ಕೆ. ಎರಡನೆಯದನ್ನು ಸೇರಿಸುವ ಕೆಲಸ ಕೈಗೆತ್ತಿಕೊಂಡವರು ಆಲನ್ ಕಾಕ್ಸ್. 1996ರ ಜೂನ್‌ನಲ್ಲಿ ಬಂದ 2.0 ಆವೃತ್ತಿ ಹಲವು ಪ್ರೊಸೆಸರುಗಳನ್ನು ಬಳಸಬಲ್ಲ ಮೊದಲ ಸ್ಥಿರ ಲಿನಕ್ಸ್.

ತೊಡಕು ಎಲ್ಲಿತ್ತು ಎಂದರೆ, ಲಿನಕ್ಸಿನ ತಿರುಳಾದ ಕರ್ನಲ್ ಇಡುವ ಲೆಕ್ಕದಲ್ಲಿ. ಮೆಮೊರಿಯ ಯಾವ ಪುಟ ಖಾಲಿ, ಯಾವ ಕಡತ ಯಾರ ಕೈಯಲ್ಲಿದೆ ಎಂಬುದನ್ನೆಲ್ಲ ಕರ್ನಲ್ ಬರೆದಿಟ್ಟುಕೊಳ್ಳುತ್ತದೆ. ಎರಡು ಪ್ರೊಸೆಸರ್ ಒಂದೇ ಕ್ಷಣದಲ್ಲಿ ಆ ಪಟ್ಟಿ ನೋಡಿ, ಒಂದೇ ಪುಟವನ್ನು ಖಾಲಿ ಎಂದು ಎತ್ತಿಕೊಂಡು, ಎರಡು ಬೇರೆ ಬೇರೆ ಪ್ರೋಗ್ರಾಮುಗಳಿಗೆ ಕೊಟ್ಟರೆ ಒಂದು ಬರೆದದ್ದನ್ನು ಇನ್ನೊಂದು ಅಳಿಸುತ್ತದೆ. ಇದನ್ನು ತಡೆಯಲು 2.0ರಲ್ಲಿ ಇಡೀ ಕರ್ನಲ್‌ಗೆ ಒಂದೇ ಬೀಗ ಹಾಕಿದರು. ಬಿಗ್ ಕರ್ನಲ್ ಲಾಕ್ ಎಂದೇ ಅದರ ಹೆಸರು. ಕೀಲಿ ಯಾವ ಪ್ರೊಸೆಸರಿನ ಕೈಯಲ್ಲಿದೆಯೋ ಅದಷ್ಟೇ ಒಳಗೆ, ಉಳಿದವು ಬಾಗಿಲಲ್ಲಿ. ತನ್ನ ಪಾಡಿಗೆ ಕೂಡಿ ಕಳೆಯುವ ಪ್ರೋಗ್ರಾಮಿಗೆ ಇದರಿಂದ ತೊಂದರೆಯಿಲ್ಲ. ಕಡತ ಬೇಕು, ನೆಟ್‌ವರ್ಕ್ ಬೇಕು ಎಂದು ಕರ್ನಲ್ ಬಾಗಿಲು ತಟ್ಟುವ ಪ್ರೋಗ್ರಾಮುಗಳು ಮಾತ್ರ ಸಾಲಲ್ಲಿ ನಿಲ್ಲುತ್ತಿದ್ದವು. ಇಡೀ ನಾಲೆಯ ತೂಬುಗಳಿಗೆಲ್ಲ ಒಂದೇ ಕೀಲಿ ಇಟ್ಟ ಹಾಗೆ.

ಮುಂದಿನ ವರ್ಷಗಳಲ್ಲಿ ಪ್ರತಿ ತೂಬಿಗೂ ಅದರದೇ ಸಣ್ಣ ಬೀಗ ಬಂತು. ದೊಡ್ಡ ಬೀಗದ ಕೊನೆಯ ತುಣುಕನ್ನು ತೆಗೆದದ್ದು 2011ರ ಮೇ ತಿಂಗಳಲ್ಲಿ, 2.6.39ರಲ್ಲಿ. ಹತ್ತಿರ ಹತ್ತಿರ ಹದಿನೈದು ವರ್ಷ, ಲೋಕವೆಲ್ಲ ಆ ಕರ್ನಲನ್ನು ಬಳಸುತ್ತಿರುವಾಗಲೇ ಒಂದೊಂದೇ ಸಾಲು ಓದಿ, ಇಲ್ಲಿ ಬೀಗ ಯಾಕೆ ಹಾಕಿದ್ದರು ಎಂದು ಪತ್ತೆಹಚ್ಚಿ ಬಿಚ್ಚಿದ ಕೆಲಸ ಅದು. ಈ ತಾಳ್ಮೆಗೆ ನನಗೆ ತುಂಬ ಗೌರವವಿದೆ. ಸಣ್ಣ ಬೀಗ ಹೆಚ್ಚಾದರೂ ಅಪಾಯವುಂಟು. ನನ್ನ ಕೈಲಿ ಮೊದಲ ಕೀಲಿ, ನಿಮ್ಮ ಕೈಲಿ ಎರಡನೆಯದು. ನನಗೆ ನಿಮ್ಮದು ಬೇಕು, ನಿಮಗೆ ನನ್ನದು. ಇಬ್ಬರೂ ನಿಂತಲ್ಲೇ ನಿಲ್ಲುತ್ತೇವೆ. ಹಾಗಾಗದಿರಲು ಎಲ್ಲರೂ ಕೀಲಿಗಳನ್ನು ಒಂದೇ ಕ್ರಮದಲ್ಲಿ ತೆಗೆದುಕೊಳ್ಳಬೇಕೆಂಬ ಕಟ್ಟುಪಾಡು ಕರ್ನಲಿನೊಳಗಿದೆ.

ಈ ಕಥೆಯಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಬೀಗವನ್ನು ಸಣ್ಣದು ಮಾಡುವುದರ ಬದಲು, ಓದುವವರಿಗೆ ಬೀಗವೇ ಬೇಡವೆನ್ನುವ ಒಂದು ಉಪಾಯವನ್ನು ಪಾಲ್ ಮೆಕೆನ್ನಿ ಬೆಳೆಸಿದ್ದರು. ಆರ್‌ಸಿಯು ಎಂದು ಅದರ ಹೆಸರು. ಐಬಿಎಂ ಕಂಪನಿಯ ಬೆಂಗಳೂರಿನ ಲಿನಕ್ಸ್ ತಂಡದಲ್ಲಿದ್ದ ದೀಪಂಕರ್ ಶರ್ಮ ಅದನ್ನು ಲಿನಕ್ಸಿಗೆ ಹೊಂದುವಂತೆ ಬರೆದವರಲ್ಲಿ ಮುಖ್ಯರು. 2002ರಲ್ಲಿ ಅದು ಕರ್ನಲ್ ಸೇರಿತು. ಉಪಾಯ ಹೀಗೆ: ಊರ ಕಟ್ಟೆಯ ಗೋಡೆಗೆ ನೀರಿನ ಸರದಿಯ ಪಟ್ಟಿ ಅಂಟಿಸಿದೆ ಅನ್ನಿ. ದಿನಕ್ಕೆ ನೂರು ಜನ ಓದುತ್ತಾರೆ, ವಾರಕ್ಕೊಮ್ಮೆ ಬದಲಾಗುತ್ತದೆ. ಬದಲಾಯಿಸುವವರು ಜನರನ್ನು ಆಚೆ ನಿಲ್ಲಿಸಿ ಅದರ ಮೇಲೆಯೇ ತಿದ್ದುವುದಿಲ್ಲ. ಮನೆಯಲ್ಲಿ ಕೂತು ಹೊಸ ಪಟ್ಟಿ ಬರೆದು ತಂದು ಪಕ್ಕದಲ್ಲಿ ಅಂಟಿಸುತ್ತಾರೆ. ಆಮೇಲೆ ಬಂದವರು ಹೊಸದನ್ನು ಓದುತ್ತಾರೆ. ಹಳೆಯದರ ಮುಂದೆ ನಿಂತಿದ್ದ ಕೊನೆಯವರೂ ಓದಿ ಹೊರಟ ಮೇಲೆ ಅದನ್ನು ಕಿತ್ತರಾಯಿತು. ಓದುವ ಒಬ್ಬರೂ ಕಾಯಲಿಲ್ಲ. ಕಡತದ ಹೆಸರು ಹುಡುಕುವಂಥ, ಸಾವಿರ ಸಲ ಓದಿ ಒಮ್ಮೆ ತಿದ್ದುವ ಜಾಗಗಳಲ್ಲಿ ಕರ್ನಲ್ ಇದನ್ನೇ ಮಾಡುತ್ತದೆ. ನಿಮ್ಮ ಕೈಯ ಆಂಡ್ರಾಯ್ಡ್ ಫೋನಿನೊಳಗಿರುವುದೂ ಲಿನಕ್ಸ್ ಕರ್ನಲ್ಲೇ, ಅಲ್ಲಿಯೂ ಇದೇ ನಡೆಯುತ್ತಿದೆ.

ಕೆಲಸ ಹಂಚುವ ರೀತಿಯೂ ಬದಲಾಯಿತು. 2.4ರ ತನಕ ಎಲ್ಲ ಪ್ರೊಸೆಸರುಗಳಿಗೂ ಸೇರಿ ಕಾಯುವ ಕೆಲಸಗಳ ಒಂದೇ ಸಾಲು ಇತ್ತು. 2003ರ ಡಿಸೆಂಬರ್‌ನಲ್ಲಿ ಬಂದ 2.6ರಲ್ಲಿ ಇಂಗೊ ಮೋಲ್ನಾರ್ ಬರೆದ ಶೆಡ್ಯೂಲರ್ ಪ್ರತಿ ಪ್ರೊಸೆಸರಿಗೂ ಅದರದೇ ಸಾಲು ಕೊಟ್ಟಿತು. ಒಂದು ಕೋರಿಗೆ ಬಿಡುವಾದರೆ ಪಕ್ಕದ ಸಾಲಿನಿಂದ ಕೆಲಸ ಎಳೆದುಕೊಳ್ಳುತ್ತದೆ, ನಮ್ಮಲ್ಲಿ ಮುಯ್ಯಾಳು ಹೋಗುವಂತೆ. ಆದರೆ ಸುಮ್ಮಸುಮ್ಮನೆ ಎಳೆಯುವುದಿಲ್ಲ. ಓಡುತ್ತಿರುವ ಪ್ರೋಗ್ರಾಮಿನ ಮಾಹಿತಿ ಆಯಾ ಕೋರಿನ ಹತ್ತಿರದ ಸಣ್ಣ ಮೆಮೊರಿಯಾದ ಕ್ಯಾಶ್‌ನಲ್ಲಿ ಬೆಚ್ಚಗಿರುತ್ತದೆ. ಜಾಗ ಬದಲಿಸಿದರೆ ಎಲ್ಲವನ್ನೂ ಮೆಮೊರಿಯಿಂದ ಹೊಸದಾಗಿ ತರಿಸಬೇಕು.

ಇನ್ನು ಬಳಕೆಯ ಮಾತು. ಹಳೆಯ ಕನ್ನಡ ಪುಸ್ತಕವೊಂದರ 400 ಪುಟ ಸ್ಕ್ಯಾನ್ ಮಾಡಿದ್ದೀರಿ, ಅದನ್ನು ಅಕ್ಷರಕ್ಕಿಳಿಸಬೇಕು. ಟೆಸರಾಕ್ಟ್ ಎಂಬ ಉಚಿತ ತಂತ್ರಾಂಶಕ್ಕೆ ಕನ್ನಡ ಬರುತ್ತದೆ. ಪುಟಕ್ಕೆ 10 ಸೆಕೆಂಡ್ ಎಂದಿಟ್ಟುಕೊಂಡರೆ ಒಂದಾದ ಮೇಲೊಂದು ಓಡಿಸಲು 66 ನಿಮಿಷ 40 ಸೆಕೆಂಡ್ ಬೇಕು. ಒಂದು ಪುಟಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ, ಆದ್ದರಿಂದ ಹಂಚಲು ಇದಕ್ಕಿಂತ ಒಳ್ಳೆಯ ಕೆಲಸ ಸಿಗದು. ಎಕ್ಸ್‌ಆರ್ಗ್ಸ್ ಆಜ್ಞೆಗೆ ದೊಡ್ಡಕ್ಷರದ ಪಿ ಆಯ್ಕೆಯ ಜೊತೆ 4 ಎಂದು ಕೊಟ್ಟರೆ ಒಮ್ಮೆಗೆ ನಾಲ್ಕು ಪುಟ ನಡೆಯುತ್ತವೆ. ದೊಡ್ಡಕ್ಷರದ ಐ ಆಯ್ಕೆಯನ್ನೂ ಸೇರಿಸಿ, ಇಲ್ಲದಿದ್ದರೆ ಪುಟಗಳ ಕಡತದ ಹೆಸರುಗಳನ್ನೆಲ್ಲ ಒಂದೇ ಓಟಕ್ಕೆ ತುಂಬಿಬಿಡುತ್ತದೆ. ಇನ್ನೊಂದು ಎಚ್ಚರ: ಟೆಸರಾಕ್ಟ್ ತಾನೇ ನಾಲ್ಕರ ತನಕ ಥ್ರೆಡ್ ಎಬ್ಬಿಸುತ್ತದೆ. ನಾಲ್ಕು ಓಟ, ಒಂದೊಂದಕ್ಕೂ ನಾಲ್ಕು ಎಂದಾದರೆ ಗದ್ದೆಯ ತುಂಬ ಜನ ಸೇರಿ ಒಬ್ಬರ ಕಾಲು ಒಬ್ಬರು ತುಳಿಯುತ್ತಾರೆ. ಓಎಂಪಿ ಥ್ರೆಡ್ ಲಿಮಿಟ್ ಎಂಬ ಪರಿಸರ ಚರಕ್ಕೆ 1 ಎಂದು ಮೊದಲೇ ಕೊಟ್ಟುಬಿಡಿ. ಮೂರು ಪದಗಳೂ ದೊಡ್ಡಕ್ಷರದಲ್ಲಿ, ನಡುವೆ ಅಡಿಗೆರೆ.

ಆಗ ನಾಲ್ಕು ಕೋರಿನಲ್ಲಿ 16 ನಿಮಿಷ 40 ಸೆಕೆಂಡಿನ ಕೆಲಸ. ಕೊನೆಗೆ ಪುಟಗಳನ್ನೆಲ್ಲ ಜೋಡಿಸಿ ಒಂದು ಕಡತ ಮಾಡಲು 5 ನಿಮಿಷ ಹಿಡಿಯುತ್ತದೆ, ಅದು ಒಂದೇ ಕೋರಿನ ಕೆಲಸ ಅನ್ನೋಣ. ಒಟ್ಟು 71 ನಿಮಿಷ 40 ಸೆಕೆಂಡಿನದು 21 ನಿಮಿಷ 40 ಸೆಕೆಂಡಿಗೆ ಇಳಿಯಿತು, ಅಂದರೆ 3.3 ಪಟ್ಟು ವೇಗ. ಎಂಟು ಕೋರ್ ಕೊಟ್ಟರೆ 5.4 ಪಟ್ಟು. ಸಾವಿರ ಕೋರ್ ಕೊಟ್ಟರೂ ಆ 5 ನಿಮಿಷದ ಕೆಳಗೆ ಇಳಿಯಲಾರಿರಿ. 1967ರಲ್ಲಿ ಜೀನ್ ಆಮ್ಡಾಲ್ ಹೇಳಿದ್ದು ಇದನ್ನೇ. ಒಟ್ಲಿನಿಂದ ಪೈರು ತರುವ ಆ ಒಬ್ಬರ ಲೆಕ್ಕವಿದು.

ಇದನ್ನು ಮನೆಯಲ್ಲೇ ಅಳೆಯಬಹುದು. ಆಜ್ಞೆಯ ಮುಂದೆ ಟೈಮ್ ಎಂದು ಸೇರಿಸಿದರೆ ಕೊನೆಯಲ್ಲಿ ಮೂರು ಸಾಲು ಬರುತ್ತವೆ. ರಿಯಲ್ ಎಂಬುದು ಗಡಿಯಾರದ ಹೊತ್ತು; ಯೂಸರ್ ಎಂಬುದು ಎಲ್ಲ ಕೋರುಗಳೂ ಪ್ರೋಗ್ರಾಮಿಗಾಗಿ ದುಡಿದ ಹೊತ್ತಿನ ಮೊತ್ತ; ಸಿಸ್ ಎಂಬುದು ಕರ್ನಲ್ ಒಳಗೆ ಕಳೆದದ್ದು. ಯೂಸರ್ ರಿಯಲ್‌ಗಿಂತ ಬಹಳ ಹೆಚ್ಚಿದ್ದರೆ ಕೆಲಸ ನಿಜವಾಗಿ ಹಂಚಿಹೋಗಿದೆ. ಎರಡೂ ಸರಿಸಮವಾಗಿದ್ದರೆ ಬಹುಪಾಲು ಒಂದೇ ಕೋರ್ ದುಡಿದಿದೆ.

ಇನ್ನೂ ಮುಂದೆ ಹೋಗಬೇಕೆನ್ನುವವರು ಓಡುವ ಯಂತ್ರದಲ್ಲೇ ಒಂದು ಕೋರನ್ನು ಕೆಲಸದಿಂದ ಬಿಡಿಸಿ ನೋಡಿ. ಸಿಸ್ ಎಂಬ ಕಡತಕೋಶದೊಳಗೆ ಡಿವೈಸಸ್, ಅದರೊಳಗೆ ಸಿಸ್ಟಮ್, ಅದರೊಳಗೆ ಸಿಪಿಯು ಎಂದು ಇಳಿದರೆ ಒಂದೊಂದು ಪ್ರೊಸೆಸರಿಗೂ ಒಂದೊಂದು ಕೋಶ. ಸಿಪಿಯು3ರಲ್ಲಿರುವ ಆನ್‌ಲೈನ್ ಕಡತಕ್ಕೆ ರೂಟ್ ಅಧಿಕಾರದಿಂದ 0 ಬರೆದರೆ ಆ ಪ್ರೊಸೆಸರ್ ಕೆಲಸ ಬಿಡುತ್ತದೆ, 1 ಬರೆದರೆ ಮರಳುತ್ತದೆ. ಅದರ ಸಾಲಿನಲ್ಲಿದ್ದ ಕೆಲಸವನ್ನೆಲ್ಲ ಬೀಳದಂತೆ ಪಕ್ಕದವರಿಗೆ ದಾಟಿಸುವ ಈ ಸೌಲಭ್ಯ ಬೆಳೆಸಿದವರಲ್ಲಿಯೂ ಬೆಂಗಳೂರಿನ ಅದೇ ತಂಡದ ಶ್ರೀವತ್ಸ ವಡ್ಡಗಿರಿ ಇದ್ದರು. ನಾಲ್ಕು ಕೋರಿನಲ್ಲಿ ಒಮ್ಮೆ, ಮೂರರಲ್ಲಿ ಒಮ್ಮೆ, ಎರಡರಲ್ಲಿ ಒಮ್ಮೆ, ಪ್ರತಿ ಸಲವೂ ಆ 400ರಲ್ಲಿನ ಅದೇ 40 ಪುಟ ಓಡಿಸಿ ಹೊತ್ತು ಬರೆದಿಡಿ. ಶಾಲೆಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಗಣಿತದ ಪ್ರಯೋಗ ನನಗೆ ಗೊತ್ತಿಲ್ಲ.

ಎರಡು ಪ್ರೊಸೆಸರ್ ಕೂರಿಸಲು ಎರಡು ಸಾಕೆಟ್ ಇರುವ ಸರ್ವರ್ ಸಿಕ್ಕಿದರೆ ಒಂದು ವಿಷಯ ಗಮನಿಸಿ. ಅಲ್ಲಿ ಪ್ರತಿ ಪ್ರೊಸೆಸರಿಗೂ ಹತ್ತಿರದ ಮೆಮೊರಿ ಬೇರೆ, ದೂರದ್ದು ಬೇರೆ. ಎರಡೂ ಕಡೆ ಸಮನಾಗಿ ಮೆಮೊರಿ ಹಾಕಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಬಂದ ಸಹಸ್ರ-ಟಿ ಸೂಪರ್‌ಕಂಪ್ಯೂಟರಿನ ರಚನೆಯೂ ಇಂಥ ಜೋಡಿಗಳದೇ ಆಗಿತ್ತು. 12 ಕೋರಿನ ಎರಡೆರಡು ಪ್ರೊಸೆಸರ್ ಇರುವ 1,376 ನೋಡ್, ಅಂದರೆ ಬಿಡಿ ಕಂಪ್ಯೂಟರ್, ಒಟ್ಟು 33,024 ಕೋರ್. ಆದರೆ ಅಷ್ಟಕ್ಕೂ ಸೇರಿ ಒಂದೇ ಕರ್ನಲ್ ಇರಲಿಲ್ಲ. ಒಂದೊಂದು ನೋಡಿಗೂ ಅದರದೇ ಲಿನಕ್ಸ್, ನೋಡ್‌ಗಳ ನಡುವೆ ಸಂದೇಶದ ಓಡಾಟ. ಹಂಚಿಕೊಂಡ ಮೆಮೊರಿಯೇ ಇಲ್ಲದ ಕಡೆ ಅದರ ಬೀಗಕ್ಕಾಗಿ ಕಾಯುವ ಮಾತಿಲ್ಲ.

ಮನೆಯ ಯಂತ್ರದಲ್ಲಿ ರಾತ್ರಿ ಓಡಲು ಬಿಡುವ ಮುನ್ನ ಎರಡು ನೋಡಿಕೊಳ್ಳಿ. ನಾಲ್ಕು ಓಟಕ್ಕೆ ನಾಲ್ಕು ಪಾಲು ಮೆಮೊರಿ ಬೇಕು; ಸಾಲದೆ ಡಿಸ್ಕಿಗೆ ಇಳಿದರೆ ಒಂದೇ ಕೋರಿಗಿಂತಲೂ ನಿಧಾನವಾಗಬಹುದು, ಆಗ ಎರಡಕ್ಕೆ ಇಳಿಸಿ. ಮನೆಯವರು ಅದರಲ್ಲೇ ಬೇರೇನಾದರೂ ಮಾಡುತ್ತಿದ್ದರೆ ಆಜ್ಞೆಯ ಮುಂದೆ ನೈಸ್ ಎಂದು ಸೇರಿಸಿ. ಅವರು ಕೇಳಿದಾಗ ನಿಮ್ಮ 400 ಪುಟ ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ.