ಹಬ್ಬದ ಮಾರನೆಯ ದಿನದ ಕೋಳಿಸಾರು



ಯುಗಾದಿಯ ಮಾರನೆಯ ದಿನ ಹೊಸತೊಡಕು. ಮಂಡ್ಯ, ಮೈಸೂರು, ಹಾಸನ, ತುಮಕೂರು ಕಡೆಯ ಹಳ್ಳಿಗಳಲ್ಲಿ ಮಾಂಸ ತಿನ್ನುವ ಮನೆಯಲ್ಲೆಲ್ಲ ಅಂದು ಬಾಡಿನೂಟ. ನೆಂಟರಿಷ್ಟರು ಬರುತ್ತಾರೆಂದು ಒಂದು ಕೋಳಿ ಕೊಯ್ಯುವ ಕಡೆ ಮೂರು ಕೊಯ್ಯುತ್ತೇವೆ. ಎಲ್ಲರೂ ಉಂಡೆದ್ದ ಮೇಲೆ ನೋಡಿದರೆ ದೊಡ್ಡ ಪಾತ್ರೆಯಲ್ಲಿ ಇನ್ನೂ ಅರ್ಧ ಸಾರು! ಚೆಲ್ಲುವುದಕ್ಕೆ ಮನಸ್ಸು ಬಾರದು. ಸಾಕಿದ ಕೋಳಿ, ಅರೆದ ಮಸಾಲೆ, ಉರಿಸಿದ ಸೌದೆ, ಎಲ್ಲಕ್ಕೂ ಬೆಲೆ ಉಂಟಲ್ಲ. ಅದೂ ಅಲ್ಲದೆ, ನಿನ್ನೆಯ ಸಾರಿಗೇ ರುಚಿ ಹೆಚ್ಚು ಅನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. "ಇರಲಿ ಬಿಡು, ಬೆಳಗ್ಗೆ ಒಂದು ಕುದಿ ಕುದಿಸಿದರಾಯಿತು" ಎಂದು ಮುಚ್ಚಳ ಮುಚ್ಚಿ ಮಲಗುತ್ತೇವೆ.

ಅಪಾಯ ಇರುವುದು ಈ ಮಾತಿನಲ್ಲಿಯೇ. ರಾತ್ರಿಯೆಲ್ಲ ಕೆಟ್ಟದ್ದನ್ನು ಬೆಳಗಿನ ಒಂದು ಕುದಿ ಸರಿಮಾಡಲಾರದು. ಸಾರು ಉಳಿಯುತ್ತದೆಯೋ ಕೆಡುತ್ತದೆಯೋ ಎಂಬುದು ಒಲೆಯಿಂದ ಇಳಿಸಿದ ಮೊದಲ ಎರಡು ಗಂಟೆಗಳಲ್ಲಿಯೇ ಬಹುಮಟ್ಟಿಗೆ ನಿರ್ಧಾರವಾಗಿ ಹೋಗುತ್ತದೆ. ಅದು ಹೇಗೆಂಬುದನ್ನು ನೋಡೋಣ.

ಹಾಲಿಗೆ ಹೆಪ್ಪು ಹಾಕುವುದು ನಿಮಗೆಲ್ಲ ಗೊತ್ತು. ಕುದಿಯುವ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗದು, ಹೆಪ್ಪೇ ಸತ್ತುಹೋಗುತ್ತದೆ. ತೀರ ತಣ್ಣಗಿನ ಹಾಲಿಗೆ ಹಾಕಿದರೂ ಬೇಗ ಗಟ್ಟಿಯಾಗದು. ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಹಾಕಿಡಿ, ಬೆಳಗಾಗುವುದರೊಳಗೆ ಪಾತ್ರೆಯೆಲ್ಲ ಮೊಸರು. ಸಾರು ಕೆಡಿಸುವ ಸೂಕ್ಷ್ಮಜೀವಿಗಳ ಸ್ವಭಾವವೂ ಇಂಥದೇ. ಬಿಸಿ ೬೦ ಡಿಗ್ರಿ ಸೆಂಟಿಗ್ರೇಡಿಗಿಂತ ಮೇಲಿದ್ದರೆ ಅವು ಬೆಳೆಯಲಾರವು. ೫ ಡಿಗ್ರಿಗಿಂತ ಕೆಳಗಿದ್ದರೆ ಬಹುಪಾಲು ಮುದುಡಿ ಕುಳಿತಿರುತ್ತವೆ. ಇವೆರಡರ ನಡುವಿನ ಬೆಚ್ಚನೆಯ ಹದವೇ ಅವಕ್ಕೆ ಹಬ್ಬ. ಆ ಹದ ಸಿಕ್ಕಿದರೆ ಸುಮಾರು ೨೦ ನಿಮಿಷಕ್ಕೊಮ್ಮೆ ಒಂದಿದ್ದದ್ದು ಎರಡಾಗುತ್ತದೆ. ನೀವೇ ಲೆಕ್ಕ ಹಾಕಿ ನೋಡಿ: ಒಂದು ಗಂಟೆಗೆ ೮, ಎರಡು ಗಂಟೆಗೆ ೬೪, ಏಳು ಗಂಟೆಗೆ ೨೦ ಲಕ್ಷದ ಮೇಲೆ! ನಾವು ಮಲಗಿ ಏಳುವುದಕ್ಕೆ ಅಷ್ಟೇ ಹೊತ್ತು ತಾನೆ?

"ಅಲ್ಲ ಸ್ವಾಮಿ, ಕೋಳಿಯನ್ನು ಗಂಟೆಗಟ್ಟಲೆ ಬೇಯಿಸಿದ್ದೇವಲ್ಲ, ಸೂಕ್ಷ್ಮಜೀವಿ ಬಂದದ್ದಾದರೂ ಎಲ್ಲಿಂದ?" ಎಂದು ನೀವು ಕೇಳಬಹುದು. ಎರಡು ದಾರಿಯಿಂದ ಬರುತ್ತವೆ. ಕೆಲವು ಜಾತಿಯವು ಬೀಜದಂತಹ ಗಟ್ಟಿ ಕವಚದೊಳಗೆ ಅಡಗಿ ಕುದಿಯುವ ಬಿಸಿಯನ್ನೂ ತಡೆದುಕೊಳ್ಳುತ್ತವೆ. ಬೇಸಗೆಯ ಒಣಮಣ್ಣಿನಲ್ಲಿ ಬಿದ್ದಿದ್ದ ಕಳೆಬೀಜ ಮೊದಲ ಮಳೆಗೆ ಮೊಳೆಯುವುದಿಲ್ಲವೆ? ಹಾಗೆಯೇ ಸಾರು ಆರುತ್ತಾ ಬೆಚ್ಚಗಾದ ಕೂಡಲೆ ಇವು ಮೊಳೆತು ಬೆಳೆಯುತ್ತವೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬುದು ಅಂಥದೊಂದು. ದೊಡ್ಡ ಪಾತ್ರೆಯಲ್ಲಿ ನಿಧಾನವಾಗಿ ಆರುವ ಮಾಂಸದ ಸಾರೆಂದರೆ ಅದಕ್ಕೆ ಬಲು ಪ್ರೀತಿ. ಎರಡನೆಯ ದಾರಿ ನಮ್ಮ ಕೈ. ಬಡಿಸುವವರ ಕೈ, ಮೂಗು, ಗಾಯ, ಕುರು ಇವುಗಳಿಂದ ಸ್ಟೆಫೈಲೊಕಾಕಸ್ ಎಂಬ ಜಾತಿ ಬೆಂದ ಸಾರಿಗೆ ಇಳಿಯುತ್ತದೆ.

"ಆಗಲಿ, ಬೆಳಗ್ಗೆ ಕುದಿಸಿದರೆ ಸಾಯುತ್ತವಲ್ಲ?" ಸಾಯುತ್ತವೆ, ನಿಜ. ಆದರೆ ಹಾವು ಸತ್ತರೂ ಅದರ ಹಲ್ಲಿನ ವಿಷ ಉಳಿಯುವಂತೆ, ಈ ಸ್ಟೆಫೈಲೊಕಾಕಸ್ ಬೆಳೆಯುವಾಗ ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ. ತಂಗಳನ್ನದಲ್ಲಿ ಬೆಳೆಯುವ ಇನ್ನೊಂದು ಜಾತಿಯ ವಿಷವೂ ಹೀಗೆಯೇ. ಮೂಸಿ ನೋಡಿದರೆ ತಿಳಿಯುತ್ತದೆ ಎಂದು ನಂಬಲೂ ಬೇಡಿ. ಕಾಯಿಲೆ ತರುವಷ್ಟು ಕೆಟ್ಟಿದ್ದರೂ ಸಾರಿನ ವಾಸನೆ, ಬಣ್ಣ, ರುಚಿ ಚೆನ್ನಾಗಿಯೇ ಇರಬಹುದು. ಕೋಳಿ ನಾಟಿಯದಾದರೇನು, ಫಾರಮ್ಮಿನದಾದರೇನು, ಈ ಮಾತು ಎರಡಕ್ಕೂ ಒಂದೇ.

ಹಾಗಾದರೆ ಮಾಡಬೇಕಾದುದೇನು? ಒಂದೊಂದಾಗಿ ಹೇಳುತ್ತೇನೆ, ಮನಸ್ಸಿಟ್ಟು ಕೇಳಿ.

ಮೊದಲನೆಯದು, ಬಡಿಸುವ ಮುಂಚೆಯೇ ಬೇರ್ಪಡಿಸುವುದು. ಉಳಿಯುತ್ತದೆ ಎಂದು ತೋರಿದಷ್ಟನ್ನು ಸಾರು ಬಿಸಿಯಾಗಿರುವಾಗಲೇ ಶುದ್ಧವಾದ ಸೌಟಿನಿಂದ ಬೇರೆ ಪಾತ್ರೆಗೆ ತೆಗೆಯಿರಿ. ಎಲೆಗೆ ಬಡಿಸಿ ಮಿಕ್ಕಿದ್ದನ್ನು, ರುಚಿ ನೋಡಿದ ಸೌಟನ್ನು ಮತ್ತೆ ಅದರೊಳಗೆ ಹಾಕಬೇಡಿ. ಹಸಿ ಕೋಳಿ ಕೊಯ್ದ ಚಾಕು, ಮಣೆ, ತಟ್ಟೆಗಳನ್ನು ಸೋಪು ಹಾಕಿ ತೊಳೆಯದೆ ಬೆಂದ ಮಾಂಸಕ್ಕೆ ತಾಗಿಸಬಾರದು. ಕೈಯಲ್ಲಿ ಗಾಯವೋ ಕುರುವೋ ಇದ್ದವರು ಅಂದು ಬಡಿಸುವ ಕೆಲಸ ಬೇರೆಯವರಿಗೆ ಬಿಡಲಿ.

ಎರಡನೆಯದು, ಬೇಗ ಆರಿಸುವುದು. ಹತ್ತು ಸೇರಿನ ಪಾತ್ರೆಯಲ್ಲಿರುವ ಸಾರು ಮೇಲೆ ತಣ್ಣಗೆ ಕಂಡರೂ ನಡುವೆ ನಡುರಾತ್ರಿಯವರೆಗೆ ಬೆಚ್ಚಗೇ ಇರುತ್ತದೆ. ಆದ್ದರಿಂದ ಅಗಲವಾದ ಸಣ್ಣ ಪಾತ್ರೆಗಳಿಗೆ ಎರಡು ಮೂರು ಅಂಗುಲ ಆಳದಷ್ಟು ಮಾತ್ರ ಹಂಚಿರಿ. ಅವುಗಳನ್ನು ತಣ್ಣೀರು ತುಂಬಿದ ಬೋಗುಣಿಯಲ್ಲಿ ನಿಲ್ಲಿಸಿ ಆಗಾಗ ಸೌಟಾಡಿಸಿ. ಬೋಗುಣಿಯ ನೀರು ಬೆಚ್ಚಗಾದರೆ ಬದಲಾಯಿಸಿ. ಆ ನೀರು ಸಾರಿಗೆ ಸಿಡಿಯದಂತೆ, ನೊಣ ಕೂರದಂತೆ ನೋಡಿಕೊಳ್ಳಿ. ಹುಳಿ ಸಾರನ್ನು ಕಲಾಯಿ ಹೋದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಇಡಲೇಬಾರದು, ಸ್ಟೀಲಿನದು ಒಳ್ಳೆಯದು.

ಮೂರನೆಯದು, ಹೊತ್ತಿನ ಲೆಕ್ಕ. ಒಲೆಯಿಂದ ಇಳಿಸಿದ ಎರಡು ಗಂಟೆಯೊಳಗೆ ಸಾರು ಫ್ರಿಜ್ಜಿನೊಳಗೆ ಇರಬೇಕು. ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ, ಅಂದರೆ ೩೨ ಡಿಗ್ರಿ ದಾಟಿದ ದಿನಗಳಲ್ಲಿ, ಒಂದೇ ಗಂಟೆ. ಪೂರ್ತಿ ತಣ್ಣಗಾಗಲಿ ಎಂದು ಕಾಯುತ್ತಾ ಕೂರಬೇಕಾಗಿಲ್ಲ. ಹೊಗೆಯಾಡುವುದು ನಿಂತು ಸ್ವಲ್ಪ ಬೆಚ್ಚಗಿದ್ದರೂ ಸಣ್ಣ ಪಾತ್ರೆಗಳನ್ನು ಒಳಗಿಡಬಹುದು. ಫ್ರಿಜ್ಜಿಗೆ ತಂಗಳುಪೆಟ್ಟಿಗೆ ಎಂದು ಹಾಸ್ಯ ಮಾಡುವವರುಂಟು. ಆದರೆ ಅದೂ ಮಂತ್ರದ ಪೆಟ್ಟಿಗೆಯಲ್ಲ. ಸೂಕ್ಷ್ಮಜೀವಿಗಳನ್ನು ಕೊಲ್ಲುವುದಿಲ್ಲ, ನಿಧಾನ ಮಾಡುತ್ತದೆ, ಅಷ್ಟೆ. ಒಳಗಿಟ್ಟ ಸಾರನ್ನು ಮೂರು ದಿನದೊಳಗೆ ಮುಗಿಸಿರಿ. ಹಸಿ ಮಾಂಸವನ್ನು ಕೆಳಗಿನ ತಟ್ಟಿನಲ್ಲಿ, ಬೆಂದದ್ದನ್ನು ಮುಚ್ಚಳ ಹಾಕಿ ಮೇಲಿನ ತಟ್ಟಿನಲ್ಲಿ ಇಡಬೇಕು. ಕರೆಂಟು ಹೋದಾಗ ಬಾಗಿಲು ತೆರೆಯದಿದ್ದರೆ ನಾಲ್ಕು ಗಂಟೆಯವರೆಗೆ ತಂಪು ನಿಲ್ಲುತ್ತದೆ. ಅದಕ್ಕೂ ಹೆಚ್ಚು ಹೊತ್ತು ಕರೆಂಟು ಇಲ್ಲದಿದ್ದರೆ ಒಳಗಿನ ಮಾಂಸದ ಆಸೆ ಬಿಡಿ.

ನಾಲ್ಕನೆಯದು, ಕಾಯಿಸುವ ಕ್ರಮ. ಬೇಕಾದಷ್ಟನ್ನು ಮಾತ್ರ ಹೊರಗೆ ತೆಗೆಯಿರಿ. ಅಂಚಿನಲ್ಲಿ ಗುಳ್ಳೆ ಬಂತೆಂದು ಇಳಿಸಬೇಡಿ. ತಳಮೇಲು ಮಾಡುತ್ತಾ, ನಡುವೆಯೂ ಕೊತಕೊತ ಕುದಿಯುವಂತೆ ಕೆಲವು ನಿಮಿಷ ಕಾಯಿಸಿ. ತುಂಡಿನ ಒಳಗೂ ೭೪ ಡಿಗ್ರಿ ಮುಟ್ಟಬೇಕು ಎಂಬುದು ನಿಯಮ. ನಮ್ಮಲ್ಲಿ ಉಷ್ಣಮಾಪಕ ಇರುವುದಿಲ್ಲ. ದಪ್ಪ ತುಂಡೊಂದನ್ನು ಸೀಳಿ ನೋಡಿ, ಒಳಗಿನಿಂದ ಹಬೆ ಏಳಬೇಕು. ಪಲ್ಯ, ಹುರಿದ ಮಾಂಸವಾದರೆ ಸ್ವಲ್ಪ ನೀರು ಚಿಮುಕಿಸಿ, ಮುಚ್ಚಳ ಮುಚ್ಚಿ ಕಾಯಿಸಿ. ಒಮ್ಮೆ ಕಾಯಿಸಿದ್ದನ್ನು ಉಂಡು ಮುಗಿಸಬೇಕು; ಮತ್ತೆ ಆರಿಸಿ, ಮತ್ತೆ ಕಾಯಿಸುವುದು ಬೇಡ.

ಇನ್ನು ಫ್ರಿಜ್ಜು ಇಲ್ಲದ ಮನೆಗಳ ಮಾತು. ರಾತ್ರಿ ಒಂದು ಕುದಿ, ಬೆಳಗ್ಗೆ ಒಂದು ಕುದಿ ಕೊಟ್ಟು ಎರಡು ದಿನ ಉಣ್ಣುವ ರೂಢಿ ನಮ್ಮಲ್ಲಿದೆ. ಪ್ರತಿ ಕುದಿಯ ನಂತರವೂ ಸಾರು ಮತ್ತೆ ಅದೇ ಬೆಚ್ಚನೆಯ ಹದಕ್ಕೆ ಇಳಿಯುತ್ತದೆ ಎಂಬುದನ್ನು ಮರೆಯಬಾರದು. ಆದ್ದರಿಂದ ಫ್ರಿಜ್ಜಿಲ್ಲದ ಮನೆಯಲ್ಲಿ ಕೋಳಿಸಾರನ್ನು ರಾತ್ರಿ ಕಳೆಯಲು ಬಿಡದಿರುವುದೇ ಕ್ಷೇಮ. ತಲೆ ಎಣಿಸಿ ಅಡಿಗೆ ಮಾಡಿ. ಸಂಜೆ ಬರುವ ನೆಂಟರಿಗೆ ಎಂದಿದ್ದರೆ ಕೆಂಡದ ಮೇಲೆ, ಕೈ ಮುಟ್ಟಲಾಗದಷ್ಟು ಬಿಸಿಯಲ್ಲೇ ಇಡಿ. ಮಿಕ್ಕುತ್ತದೆ ಎಂದು ಕಂಡರೆ ಬಿಸಿಯಿರುವಾಗಲೇ ಅಕ್ಕಪಕ್ಕದವರಿಗೆ, ಕೂಲಿಯಾಳುಗಳ ಮನೆಗೆ ಕೊಟ್ಟು ಕಳಿಸಿ. ಇಂದು ಬಿಸಿಸಾರು ಕೊಟ್ಟರೆ ಅದು ಪ್ರೀತಿ. ನಾಳೆ ಹಳಸಿದ್ದು ಕೊಟ್ಟರೆ ಕಾಯಿಲೆ.

ಹೊಲದ ಬುತ್ತಿಯ ವಿಷಯವನ್ನೂ ಹೇಳಬೇಕು. ಬೆಳಗ್ಗೆ ಎಂಟಕ್ಕೆ ತಂಗಳು ಸಾರನ್ನು ಕಾಯಿಸಿ ಕ್ಯಾರಿಯರಿಗೆ ತುಂಬಿಸುತ್ತೇವೆ. ಉಣ್ಣುವುದು ಮಧ್ಯಾಹ್ನ ಒಂದಕ್ಕೆ. ನಡುವಿನ ಐದು ಗಂಟೆ ಬುತ್ತಿ ಬದುವಿನ ಮೇಲೋ ಮರದ ಬುಡದಲ್ಲೋ ಬೆಚ್ಚಗೆ ಕುಳಿತಿರುತ್ತದೆ. ಉಳಿದ ಕೋಳಿಸಾರನ್ನು ಮನೆಯಲ್ಲೇ ಬೆಳಗಿನ ಮುದ್ದೆ, ರೊಟ್ಟಿ, ದೋಸೆಗೆ ಮುಗಿಸಿಬಿಡಿ. ಹೊಲಕ್ಕೆ ಮುದ್ದೆಯೊಂದಿಗೆ ಆಗತಾನೆ ಮಾಡಿದ ಚಟ್ನಿ, ಉಪ್ಪಿನಕಾಯಿ, ಮಜ್ಜಿಗೆ ಹೋಗಲಿ.

ಇಷ್ಟೆಲ್ಲ ಎಚ್ಚರಿಕೆ ಏಕೆಂದರೆ, ಗಟ್ಟಿ ಆಳಿಗೆ ಒಂದು ದಿನದ ಹೊಟ್ಟೆನೋವಾಗಿ ಹೋಗುವುದು ಎಳೆಗೂಸಿಗೆ, ಬಸುರಿಗೆ, ವಯಸ್ಸಾದವರಿಗೆ ಪ್ರಾಣಕ್ಕೇ ಬರಬಹುದು. ಉಂಡ ಅರ್ಧ ಗಂಟೆಯಿಂದ ಒಂದು ದಿನದೊಳಗೆ ವಾಂತಿ, ಹೊಟ್ಟೆ ಹಿಡಿತ, ಭೇದಿ ಶುರುವಾದರೆ ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ಅಳತೆಯ, ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ ಗುಟುಕು ಗುಟುಕಾಗಿ ಕುಡಿಸಿ. ಮೊಲೆಹಾಲು ನಿಲ್ಲಿಸಬೇಡಿ. ಕುಡಿದದ್ದು ನಿಲ್ಲದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ, ಜ್ವರ ಜೋರಾದರೆ, ಉಚ್ಚೆ ಕಡಮೆಯಾದರೆ, ಮಗು ಮಂಕಾಗಿ ಕಣ್ಣು ಗುಳಿಬಿದ್ದರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ೧೦೮ಕ್ಕೆ ಫೋನು ಮಾಡಿದರೆ ಆಂಬ್ಯುಲೆನ್ಸ್ ಬರುತ್ತದೆ.

ರಾತ್ರಿಯೆಲ್ಲ ಹೊರಗೆ ಉಳಿದ ಸಾರನ್ನು ಕಂಡರೆ ಕರುಳು ಚುರ್ ಎನ್ನುವುದು ಸಹಜ. ಆದರೂ ಅದನ್ನು ತಿಪ್ಪೆಗೆ ಹಾಕಿ, ನಾಯಿ ಕೆದಕದಂತೆ ಮೇಲೆ ಗೊಬ್ಬರ ಮಣ್ಣು ಎಳೆಯಿರಿ. ಅದು ಮುಂದೆ ಹೊಲಕ್ಕಾದರೂ ಆದೀತು. ಆಸ್ಪತ್ರೆಗೆ ಕಟ್ಟಿದ ಹಣ, ತಪ್ಪಿದ ದುಡಿಮೆ ಯಾವ ಹೊಲಕ್ಕೂ ಆಗದು.

೨೦೦೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಲೋಕದ ಎಲ್ಲ ಅಡಿಗೆಮನೆಗಳಿಗೆಂದು ಐದು ಸೂತ್ರಗಳನ್ನು ಹೇಳಿತು: ಚೊಕ್ಕಟವಾಗಿರಿ, ಹಸಿಯದನ್ನೂ ಬೆಂದದ್ದನ್ನೂ ಬೇರೆಯಿಡಿ, ಚೆನ್ನಾಗಿ ಬೇಯಿಸಿ, ಸರಿಯಾದ ಬಿಸಿಯಲ್ಲೋ ತಂಪಿನಲ್ಲೋ ಇಡಿ, ಶುದ್ಧ ನೀರು ಮತ್ತು ಒಳ್ಳೆಯ ಪದಾರ್ಥ ಬಳಸಿ. ನಾವು ಇಂದು ಹೇಳಿದ್ದೆಲ್ಲ ಇದರ ವಿವರಣೆಯೇ. ಮುಂದಿನ ಹೊಸತೊಡಕಿಗೆ ಕೋಳಿ ಬೇಯುತ್ತಿರುವಾಗಲೇ ಅಗಲವಾದ ಎರಡು ಪಾತ್ರೆಗಳನ್ನು ತೊಳೆದು ಒಲೆಯ ಪಕ್ಕದಲ್ಲಿಟ್ಟುಕೊಳ್ಳಿ, ತಾಯಂದಿರೇ.