ತಲಾಟಿಯ ಚೀಲಕ್ಕೆ ಬರಬೇಕಿದ್ದ ಯಂತ್ರ

ನಮ್ಮ ಬೈಲಹೊಂಗಲ ಸೀಮೆಯಲ್ಲಿ ಪಹಣಿಗೆ ‘ಉತಾರ’ ಎನ್ನುತ್ತಾರೆ. ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಗೂ ಅದೇ ಮಾತು. ನಮ್ಮ ಕಾಕಾ ಉತಾರವನ್ನು ಟ್ರಂಕಿನ ತಳದಲ್ಲಿ, ಕಾಕೂ ಅವರ ಮದುವೆ ಸೀರೆಯ ಕೆಳಗೆ ಇಡುತ್ತಿದ್ದರು. ಬಂಗಾರ ಒತ್ತೆಗೆ ಹೋಗಿ ಬರುತ್ತಿತ್ತು, ಉತಾರ ಮಾತ್ರ ಟ್ರಂಕು ಬಿಟ್ಟು ಕದಲುತ್ತಿರಲಿಲ್ಲ.

ಒಂದು ಹಿಂಗಾರಿಯಲ್ಲಿ ಕಾಕಾ ಎರಿ ಹೊಲಕ್ಕೆ ಕಡಲೆ ಬಿತ್ತಿದ್ದರು. ಅಕಾಲದ ಮಳೆ ಬಂದು ಹೂವೆಲ್ಲ ಉದುರಿತು. ಪರಿಹಾರ ಕೇಳಲು ಹೋದರೆ ಉತಾರದ ಬೆಳೆ ಕಾಲಂನಲ್ಲಿ ಜೋಳ ಎಂದು ಬರೆದಿತ್ತು. ಹಿಂದಿನ ವರ್ಷದ್ದನ್ನೇ ಯಾರೋ ಮುಂದಕ್ಕೆ ಎಳೆದಿದ್ದರು. ಕಾಕಾ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತು ಹೇಳಿದ ಮಾತು ನನಗೆ ಈಗಲೂ ಕಿವಿಯಲ್ಲಿದೆ: “ತಮ್ಮಾ, ಹೊಲದಾಗ ಕಡ್ಲಿ ಐತಿ, ಕಾಗದದಾಗ ಜ್ವಾಳ ಐತಿ. ಅವ್ರು ಹೊಲಕ್ಕ ಬರಂಗಿಲ್ಲ, ಕಾಗದಾನ ನೋಡತಾರ.”

ಆ ಸಾಲಿಗೆ ಪರಿಹಾರ ಸಿಗಲಿಲ್ಲ. ಬರೆದವರ ಹೆಸರು ಹಿಡಿದು ದೂರುವ ಇಚ್ಛೆ ನನಗಿಲ್ಲ. ಒಬ್ಬ ತಲಾಟಿಗೆ, ಅಂದರೆ ಗ್ರಾಮ ಲೆಕ್ಕಿಗನಿಗೆ, ಹಲವು ಹಳ್ಳಿ, ಒಂದೊಂದು ಹಳ್ಳಿಗೆ ನೂರಾರು ಸರ್ವೆ ನಂಬರು, ವರ್ಷಕ್ಕೆ ಎರಡು ಹಂಗಾಮು. ಹೊಲಹೊಲ ತಿರುಗಿ, ಕಂಡದ್ದನ್ನು ವಹಿಯಲ್ಲಿ ಗೀಚಿಕೊಂಡು, ಮನೆಗೆ ಬಂದು ಮತ್ತೆ ನಕಲು ಮಾಡಬೇಕಿತ್ತು. ತಪ್ಪು ನುಸುಳಲು ಅಷ್ಟೇ ದಾರಿ ಸಾಕು.

ಈ ತಪ್ಪನ್ನು ಹೊಲದ ಬದುವಿನ ಮೇಲೆಯೇ ತಿದ್ದಬಲ್ಲ ಯಂತ್ರವೊಂದು ನಮ್ಮದೇ ರಾಜ್ಯದಲ್ಲಿ, ಐಪ್ಯಾಡ್ ಎಂಬ ಹೆಸರು ಹುಟ್ಟುವ ಒಂಬತ್ತು ವರ್ಷ ಮೊದಲೇ ತಯಾರಾಗಿತ್ತು. ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿ ಬೇರೇನೋ ಹುಡುಕುವಾಗ ಅದರ ಚಿತ್ರ ಕಣ್ಣಿಗೆ ಬಿತ್ತು. ಹೆಸರು ಸಿಂಪ್ಯೂಟರ್. ಚಿತ್ರದ ಕೆಳಗಿನ ಬರಹ ಓದಿದವನು ಅಂದು ಹುಡುಕಲು ಹೊರಟಿದ್ದನ್ನು ಮರೆತೇಬಿಟ್ಟೆ.

ಕತೆ ಶುರುವಾಗುವುದು 1998ರ ಅಕ್ಟೋಬರ್‌ನಲ್ಲಿ. ಬೆಂಗಳೂರಿನಲ್ಲಿ ಮಾಹಿತಿ ತಂತ್ರಜ್ಞಾನದ ದೊಡ್ಡ ಮೇಳ ನಡೆದಿತ್ತು. ಅದರ ಜೊತೆಗೇ ನಡೆದ ‘ಗ್ಲೋಬಲ್ ವಿಲೇಜ್’ ಎಂಬ ವಿಚಾರ ಸಂಕಿರಣದಲ್ಲಿ ಒಂದು ಪ್ರಶ್ನೆ ಎದ್ದಿತು: ಓದು ಬಾರದವನಿಗೆ, ಇಂಗ್ಲಿಷ್ ತಿಳಿಯದವನಿಗೆ, ಕಂಪ್ಯೂಟರು ಕೊಳ್ಳಲಾಗದವನಿಗೆ ಈ ತಂತ್ರಜ್ಞಾನದಿಂದ ಏನು ಪ್ರಯೋಜನ? ಉತ್ತರ ಕಟ್ಟಲು ಹೊರಟವರು ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಪ್ರಾಧ್ಯಾಪಕರು, ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್. ಜೊತೆಗೆ ಎನ್ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮತ್ತು ಅವರ ಸಂಗಡಿಗರು. ಎಲ್ಲರೂ ಕೂಡಿ ಒಂದು ಟ್ರಸ್ಟ್ ಮಾಡಿಕೊಂಡರು. ಸರಳ, ಅಗ್ಗ, ಬಹುಭಾಷೆ ಎಂಬ ಅರ್ಥದ ಇಂಗ್ಲಿಷ್ ಮಾತುಗಳನ್ನು ಬೆಸೆದು ಹೆಸರು ಕಟ್ಟಿದರು. 2001ರ ಏಪ್ರಿಲ್ 25ರಂದು ಮಾದರಿಯನ್ನು ಜನರ ಮುಂದಿಟ್ಟರು.

ಅಂಗೈಗಿಂತ ತುಸು ದೊಡ್ಡದು. 320ಕ್ಕೆ 240 ಚುಕ್ಕೆಗಳ ಪರದೆ, ಬಣ್ಣವಿಲ್ಲ. 206 ಮೆಗಾಹರ್ಟ್ಸ್ ವೇಗದ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್, 32 ಎಂಬಿ ಮೆಮೊರಿ, ಲಿನಕ್ಸ್. ಕೀಲಿಮಣೆ ಇಲ್ಲ, ಕಡ್ಡಿಯಿಂದ ಪರದೆಯನ್ನು ಮುಟ್ಟಿದರೆ ಕೆಲಸ. ಮನೆಯ ಟಾರ್ಚಿಗೆ ಹಾಕುವಂಥ ಸಣ್ಣ ಸೆಲ್ಲುಗಳಿಂದಲೂ ನಡೆಯಬೇಕು ಎಂದು ಹಟ ಹಿಡಿದು ಮಾಡಿದ್ದರು. ಕರೆಂಟು ಬಂದದ್ದಕ್ಕಿಂತ ಹೋದದ್ದೇ ಹೆಚ್ಚು ಕಂಡ ನಮ್ಮೂರಿನವರಿಗೆ ಆ ಹಟದ ಬೆಲೆ ಗೊತ್ತಾಗುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿಗಳು ಬೇರೆ ಎರಡು. ಒಂದು, ಅದು ಕನ್ನಡ ಮಾತಾಡುತ್ತಿತ್ತು. ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳಲು ‘ಧ್ವನಿ’ ಎಂಬ ತಂತ್ರಾಂಶವನ್ನು ರಮೇಶ್ ಹರಿಹರನ್ ಬರೆದರು. ಕಾಗುಣಿತದ ಚಿಕ್ಕ ಚಿಕ್ಕ ಉಲಿಗಳನ್ನು ಮೊದಲೇ ದಾಖಲಿಸಿಟ್ಟು, ಪದ ಬಂದಂತೆ ಒಂದಕ್ಕೊಂದು ಪೋಣಿಸಿ ನುಡಿಸುವ ವಿಧಾನ ಅದರದು. ಬರೆದಂತೆ ಓದುವ ನಮ್ಮ ಭಾಷೆಗೆ ಇದಕ್ಕಿಂತ ಹೊಂದುವ ದಾರಿ ಇಲ್ಲ. ಹಿಂದಿ, ಕನ್ನಡಗಳಿಂದ ಶುರುವಾದ ಧ್ವನಿಯನ್ನು ಮುಂದೆ ಕೇರಳದ ಸಂತೋಷ್ ತೊಟ್ಟಿಂಗಲ್ ಮಲಯಾಳ ಮೊದಲಾದ ಭಾಷೆಗಳಿಗೆ ಬೆಳೆಸಿದರು.

ಎರಡನೆಯದು ಸ್ಮಾರ್ಟ್ ಕಾರ್ಡ್. ಯಂತ್ರ ಊರಿಗೊಂದು, ಕಾರ್ಡು ಮನೆಗೊಂದು. ನಿಮ್ಮ ಕಾರ್ಡು ತೂರಿಸಿದರೆ ಅದು ನಿಮ್ಮ ಯಂತ್ರ, ತೆಗೆದರೆ ಪಕ್ಕದ ಮನೆಯವರದು. ಒಬ್ಬ ರೈತ ಕೊಳ್ಳಲಾಗದ್ದನ್ನು ಹತ್ತು ಮಂದಿ ಕೂಡಿ ಬಾಡಿಗೆಗೆ ಬಳಸಬಹುದು. ಕೂರಿಗೆ, ರಾಶಿ ಯಂತ್ರ, ಮದುವೆಯ ದೊಡ್ಡ ಬೋಗುಣಿ, ಎಲ್ಲವೂ ನಮ್ಮಲ್ಲಿ ಮನೆಯಿಂದ ಮನೆಗೆ ನಡೆದುಕೊಂಡೇ ಹೋಗುತ್ತವೆ. ಬೆಂಗಳೂರಿನ ಪ್ರಾಧ್ಯಾಪಕರು ಕಂಪ್ಯೂಟರನ್ನು ಆ ಸಾಲಿಗೆ ಸೇರಿಸಿದ್ದರು. ನಾನು ಕಂಡ ಮಟ್ಟಿಗೆ ಅಷ್ಟು ಹಳ್ಳಿಯ ಬುದ್ಧಿಯಿಂದ ಯೋಚಿಸಿದ ಇನ್ನೊಂದು ಎಲೆಕ್ಟ್ರಾನಿಕ್ ಸಾಮಾನು ಇಲ್ಲ.

ಯಂತ್ರದ ಒಳವಿನ್ಯಾಸವನ್ನೂ ಅವರು ಬಚ್ಚಿಡಲಿಲ್ಲ. ಯಾರು ಬೇಕಾದರೂ ತಯಾರಿಸಿ ಮಾರಬಹುದು. ಬಡ ದೇಶದ ಕಂಪನಿಗೆ ಪರವಾನಗಿ ಶುಲ್ಕ ಕಡಿಮೆ, ಶ್ರೀಮಂತ ದೇಶದ್ದಕ್ಕೆ ಹೆಚ್ಚು. ಮಾಡಿದ ಸುಧಾರಣೆಯನ್ನು ಕೆಲಕಾಲದ ನಂತರ ಎಲ್ಲರಿಗೂ ಬಿಟ್ಟುಕೊಡಬೇಕು ಎಂಬುದು ಕರಾರು. ಜಗತ್ತು ಕಣ್ಣರಳಿಸಿ ನೋಡಿತು. 2001ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ನಿಯತಕಾಲಿಕದಲ್ಲಿ ಲೇಖಕ ಬ್ರೂಸ್ ಸ್ಟರ್ಲಿಂಗ್ ಅದನ್ನು ಆ ವರ್ಷದ ಮುಖ್ಯ ಆವಿಷ್ಕಾರವೆಂದು ಮೆಚ್ಚಿ ಬರೆದರು.

ನಮ್ಮ ಉತಾರದ ಕತೆ ಇದಕ್ಕೆ ಕೂಡಿಕೊಳ್ಳುವುದು ಇದೇ ಕಾಲದಲ್ಲಿ. ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಬೈಲಹೊಂಗಲ, ಕಿತ್ತೂರು ಹಳೆಯ ಸಂಪಗಾಂವ ತಾಲ್ಲೂಕಿನವು, ಸವದತ್ತಿ ಪರಸಗಡ ತಾಲ್ಲೂಕಿನದು, ಎರಡೂ ಮುಂಬೈ ಪ್ರಾಂತ್ಯದವು. ರಾಮದುರ್ಗವಂತೂ ಬೇರೆಯೇ ಸಂಸ್ಥಾನ. ಈ ಸೀಮೆಯ ಹಳೆಯ ದಫ್ತರಗಳಲ್ಲಿ ಎಷ್ಟೋ ಮರಾಠಿಯ ಮೋಡಿ ಲಿಪಿಯಲ್ಲಿವೆ. ತನ್ನ ಹೊಲದ ಕಾಗದವನ್ನು ತಾನೇ ಓದಲಾಗದ ರೈತ ಕುಲಕರ್ಣಿಯ ಮುಖ ನೋಡಿ ಬದುಕಿದ. ಮುಂದೆ ಕನ್ನಡ ಬಂದರೂ ಕೈಬರಹ ಬಿಡಿಸಿ ಹೇಳಲು ಮತ್ತೆ ತಲಾಟಿಯೇ ಬೇಕಾಯಿತು. ಈ ಗಂಟನ್ನು ಬಿಚ್ಚಿದ್ದು ‘ಭೂಮಿ’ ಯೋಜನೆ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದೆ ನಿಂತು ನಡೆಸಿದ ಕೆಲಸ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಆಗ ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಕನ್ನಡ ಉತಾರ ಕೈಗೆ ಬರುತ್ತಿತ್ತು. ಕಾಕಾ ಮೊದಲ ಸಲ ಅದನ್ನು ತಂದು ತಮ್ಮ ಹೆಸರಿನ ಮೇಲೆ ಬೆರಳಾಡಿಸುತ್ತ ಒಂದೊಂದೇ ಅಕ್ಷರ ಕೂಡಿಸಿ ಓದಿದ್ದನ್ನು ನಾನು ಕಂಡಿದ್ದೇನೆ.

ಆದರೆ ಮಾಲಕನ ಹೆಸರು ಪೀಳಿಗೆಗೊಮ್ಮೆ ಬದಲಾಗುವಂಥದ್ದು. ಬೋಜಾ, ಅಂದರೆ ಸಾಲದ ಹೊರೆ, ಏರಿದಾಗ ಇಳಿದಾಗ ಬದಲಾಗುವಂಥದ್ದು. ಬೆಳೆ ಹಾಗಲ್ಲ, ಹಂಗಾಮಿಗೊಮ್ಮೆ ಬದಲು. ತಾಲ್ಲೂಕು ಕಚೇರಿಯ ಕಂಪ್ಯೂಟರು ಎದ್ದು ಹೊಲಕ್ಕೆ ಹೋಗಲಾರದು. ಹೊಲಕ್ಕೆ ಹೋಗುವವನ ಕೈಯಲ್ಲಿ ಇನ್ನೂ ವಹಿಯೇ ಇತ್ತು. ಆ ವಹಿಯ ಜಾಗಕ್ಕೆಂದೇ ಕರ್ನಾಟಕ ಸರ್ಕಾರ ಸಿಂಪ್ಯೂಟರನ್ನು ಕರೆದದ್ದು. ಭೂದಾಖಲೆಯ ವಿವರವನ್ನು ಸ್ಥಳದಲ್ಲೇ ತುಂಬುವ ಪ್ರಯೋಗ ನಡೆಯಿತು. ಯಂತ್ರ ಹೇಳಿ ಮಾಡಿಸಿದಂತಿತ್ತು: ಕನ್ನಡ ಗೊತ್ತು, ಚೀಲಕ್ಕೆ ಹಿಡಿಯುತ್ತದೆ, ಬದುವಿನ ಮೇಲೆ ನಿಂತು ಕಡಲೆ ಎಂದು ಒತ್ತಿದರೆ ಕಡಲೆಯೇ ಕಚೇರಿ ಸೇರುತ್ತದೆ.

ಮಾರುಕಟ್ಟೆಗೆ ಅದು ಸರಿಯಾಗಿ ಬಂದದ್ದು 2004ರ ಮಾರ್ಚ್‌ನಲ್ಲಿ, ‘ಅಮಿಡಾ’ ಎಂಬ ಹೆಸರಿನಲ್ಲಿ. ಪ್ರಾಧ್ಯಾಪಕರು ಹುಟ್ಟುಹಾಕಿದ ಪಿಕೋಪೀಟಾ ಕಂಪನಿಯ ವಿನ್ಯಾಸ, ತಯಾರಿಕೆ ಬೆಂಗಳೂರಿನ ಬಿಇಎಲ್‌ನದು. ಒಬ್ಬ ಗೆಳೆಯರ ಮೇಜಿನ ಖಾನೆಯಲ್ಲಿದ್ದ ಅಮಿಡಾವನ್ನು ನಾನೊಮ್ಮೆ ಕೈಯಲ್ಲಿ ಹಿಡಿದಿದ್ದೇನೆ. ಅವರು ಒಂದು ಪುಟ ತೆರೆದು ಕೊಟ್ಟು, ಮಣಿಕಟ್ಟನ್ನು ಮೆಲ್ಲಗೆ ಓರೆ ಮಾಡಿ ಎಂದರು. ಮಾಡಿದೆ. ಪುಟ ತಾನೇ ಮಗುಚಿತು. ಇತ್ತ ಓರೆ ಮಾಡಿದರೆ ಹಿಂದಿನ ಪುಟ ಬಂತು. ಓರೆಯನ್ನು ಅರಿಯುವ ಆ ಸಂವೇದಕ ಐಫೋನಿನಲ್ಲಿ ಬಂದದ್ದು 2007ರಲ್ಲಿ. ಕಡ್ಡಿಯಿಂದ ಪರದೆಯ ಮೇಲೆ ನಮ್ಮ ಕೈಬರಹದಲ್ಲೇ ಕಾಗದ ಬರೆದು ಈ-ಮೇಲ್ ಕಳಿಸಲೂ ಬರುತ್ತಿತ್ತು. ಯಾವ ಭಾಷೆಗೂ ಯಾವ ಕೀಲಿಮಣೆಯ ಹಂಗೂ ಇಲ್ಲ.

ಬೆಲೆ 9,950 ರೂಪಾಯಿಯಿಂದ ಶುರು. ಜಗಳ ಹತ್ತಿದ್ದು ಇಲ್ಲಿಯೇ. ಬಡವರ ಕಂಪ್ಯೂಟರು ಎಂದಿರಿ, ಬಡವನ ಹತ್ತಿರ ಹತ್ತು ಸಾವಿರ ಎಲ್ಲಿದೆ ಎಂದು ಪತ್ರಿಕೆಗಳು ಕೇಳಿದವು. ಇದೇ ದುಡ್ಡಿಗೆ ಹಳೆಯ ಡೆಸ್ಕ್‌ಟಾಪ್ ಬರುತ್ತದೆ ಎಂದರು ಕೆಲವರು. ವಿದೇಶಿ ಕೈಗಣಕಗಳ ಪಕ್ಕದಲ್ಲಿಟ್ಟು ಪರದೆ ಮಂಕು ಎಂದರು ಇನ್ನು ಕೆಲವರು. ಅಷ್ಟರಲ್ಲಿ 2003ರ ಜುಲೈನಲ್ಲೇ ರಿಲಯನ್ಸ್ 501 ರೂಪಾಯಿ ಕಟ್ಟಿದರೆ ಮೊಬೈಲ್ ಎಂದು ಸಾರಿತ್ತು. ಜನರ ಕಣ್ಣು ಆ ಕಡೆ ತಿರುಗಿತ್ತು.

ಈ ಜಗಳವನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಹಂಚಿಕೊಳ್ಳಲೆಂದೇ ಮಾಡಿದ ವಸ್ತುವಿನ ಬೆಲೆಯನ್ನು ಒಬ್ಬನ ಜೇಬಿಗೆ ಹಚ್ಚಿ ಅಳೆದರು. ನೂರು ಮನೆಯ ಊರಿಗೆ ಒಂದು ಎಂದರೆ ಮನೆಗೆ ನೂರು ರೂಪಾಯಿ. ಅದಿರಲಿ, ಸರ್ಕಾರದ ಲೆಕ್ಕವನ್ನೇ ಹಾಕೋಣ. ಆಗ ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರಿದ್ದರು. ಒಬ್ಬೊಬ್ಬರ ಚೀಲಕ್ಕೂ ಒಂದೊಂದು ಅಮಿಡಾ ಕೊಟ್ಟಿದ್ದರೆ ಖರ್ಚು 9 ಕೋಟಿ ದಾಟುತ್ತಿರಲಿಲ್ಲ. ಒಂದು ರಾಜ್ಯದ ಬೊಕ್ಕಸಕ್ಕೆ ಅದು ದೊಡ್ಡ ಮೊತ್ತವಲ್ಲ. ಲಕ್ಷಗಟ್ಟಲೆ ತಯಾರಾದರೆ ಬಿಡಿಭಾಗದ ಬೆಲೆ ಇಳಿಯುತ್ತದೆ, ಬೆಲೆ ಇಳಿದರೆ ಇನ್ನಷ್ಟು ಬೇಡಿಕೆ ಬರುತ್ತದೆ. ಮೊದಲ ದೊಡ್ಡ ಬೇಡಿಕೆ ಇಡಬೇಕಾದವರು ಇಡಲಿಲ್ಲ. 50,000 ಮಾರುವ ಗುರಿ ಇತ್ತು. 2005ರ ವೇಳೆಗೆ ಹೋದದ್ದು ಸುಮಾರು 4,000.

ಆ ನಾಲ್ಕು ಸಾವಿರ ಎಲ್ಲೆಲ್ಲೋ ದುಡಿದವು. ಮೈಸೂರಿನ ಸಂಘಮಿತ್ರ ಸಂಸ್ಥೆ ಕಿರುಸಾಲದ ಲೆಕ್ಕಕ್ಕೆ ಬಳಸಿತು, ಗೋವೆಯಲ್ಲಿ ಅದಿರು ಸಾಗಣೆಯ ಲೆಕ್ಕ ಬರೆದವು. 2006ರಲ್ಲಿ ಪಿಕೋಪೀಟಾ ಮುಂಬೈಯ ಜಿಯೊಡೆಸಿಕ್ ಕಂಪನಿಯ ಪಾಲಾಯಿತು. ಎನ್ಕೋರ್ 2005ರಲ್ಲಿ ‘ಮೊಬಿಲಿಸ್’ ಎಂಬ ಇನ್ನಷ್ಟು ದೊಡ್ಡ ಪರದೆಯ ಯಂತ್ರ ತಂದಿತು, ಅದೂ ನಿಲ್ಲಲಿಲ್ಲ.

2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗೆಂದು ‘ಆಕಾಶ್’ ಟ್ಯಾಬ್ಲೆಟ್ ಬಿಡುಗಡೆ ಮಾಡಿತು. ಏಳು ಇಂಚಿನ ಪರದೆ, ಆಂಡ್ರಾಯ್ಡ್ 2.2. ಆ ಆಂಡ್ರಾಯ್ಡ್‌ನಲ್ಲಿ ಕನ್ನಡದ ಅಕ್ಷರ ಸರಿಯಾಗಿ ಮೂಡುತ್ತಿರಲಿಲ್ಲ, ಅಕ್ಷರದ ಜಾಗದಲ್ಲಿ ಚೌಕಗಳು ಕಾಣುತ್ತಿದ್ದವು. ಹತ್ತು ವರ್ಷ ಹಿಂದೆಯೇ ಕನ್ನಡ ಮಾತಾಡುವ ಯಂತ್ರ ಮಾಡಿದ್ದ ನಾಡಿನ ಮಕ್ಕಳ ಕೈಗೆ ಕನ್ನಡ ಬಾರದ ಟ್ಯಾಬ್ಲೆಟ್ ಇಡಲು ಹೊರಟಿದ್ದೆವು.

ಈಗ ಬೆಳೆ ಸಮೀಕ್ಷೆ ಮೊಬೈಲ್ ಆ್ಯಪ್‌ನಲ್ಲಿ ನಡೆಯುತ್ತದೆ. 2020ರಿಂದ ರೈತನೇ ತನ್ನ ಹೊಲದಲ್ಲಿ ನಿಂತು ಫೋಟೊ ತೆಗೆದು ಬೆಳೆ ನಮೂದಿಸಬಹುದು. ಒಳ್ಳೆಯ ಕೆಲಸ, ಸಂತೋಷವೇ. ಆದರೆ ಸ್ಮಾರ್ಟ್‌ಫೋನ್ ಇಲ್ಲದ ಮುದುಕ ಮೊಮ್ಮಗ ಕಾಲೇಜಿನಿಂದ ಬರಲಿ ಎಂದು ಕಾಯುತ್ತಾನೆ. ತಲಾಟಿಗಳಿಗೆ ಈಗ ಗ್ರಾಮ ಆಡಳಿತ ಅಧಿಕಾರಿ ಎಂಬ ಹೆಸರು. 2024ರಲ್ಲಿ ಅವರು ಮುಷ್ಕರ ಹೂಡಿದಾಗ ಕೇಳಿದ್ದರಲ್ಲಿ ಒಂದು, ಹತ್ತಾರು ಆ್ಯಪ್‌ಗಳ ಕೆಲಸಕ್ಕೆ ತಕ್ಕ ಸಾಧನ ಕೊಡಿ ಎಂಬುದು. ಸಿಂಪ್ಯೂಟರ್ ಬಂದು ಇಪ್ಪತ್ತಮೂರು ವರ್ಷವಾಗಿತ್ತು.

ಭೂದಾಖಲೆಯ ಆ ಪ್ರಯೋಗದ ದಿನಗಳಲ್ಲಿ ಸಿಂಪ್ಯೂಟರ್ ಹಿಡಿದು ಹೊಲ ತಿರುಗಿದ ತಲಾಟಿಗಳಲ್ಲಿ ಹಲವರು ಈಗ ನಿವೃತ್ತರಾಗಿರಬೇಕು. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ನನ್ನದೊಂದು ವಿನಂತಿ. ಯಂತ್ರ ಮನೆಯಲ್ಲಿ ಉಳಿದಿದ್ದರೆ ಗುಜರಿಗೆ ಹಾಕಬೇಡಿ. ಅದು ಹೊಲದಲ್ಲಿ ಹೇಗೆ ನಡೆಯಿತು, ಬಿಸಿಲಲ್ಲಿ ಪರದೆ ಕಾಣುತ್ತಿತ್ತೆ, ರೈತರು ಅದರ ಕನ್ನಡ ಕೇಳಿ ಏನೆಂದರು ಎಂಬುದನ್ನು ನಾಲ್ಕು ಪುಟವಾದರೂ ಬರೆದಿಡಿ.